ನನ್ನ ಅಂಗಡಿಯಲ್ಲಿ ಸತ್ತ ಸಾವುಕಾರರಿಗೆ

ಗೆ,
ಶ್ರೀ ಚನ್ನಬಸಯ್ಯನವರು,
ಹತ್ತಿ ಮಿಲ್ಲಿನ ಮಾಲೀಕರು ಹಾಗೂ ಹಿಂಸೆ ವಿರೋಧಿ ಬಹಿಷ್ಕಾರ ಸಮಿತಿಯ ಅಧ್ಯಕ್ಷರು,
ಆದೋನಿ.

ಮಾನ್ಯರೇ,

ತಮಗೂ, ತಮ್ಮ ಮಿಲ್ಲಿಗೂ, ಮಿಲ್ಲಿನ ಅಂಗಳದಲ್ಲಿ ಗುಡ್ಡದಂತೆ ಬಿದ್ದಿರುವ ಬಿಡಿ ಹತ್ತಿಗೂ ನನ್ನ ಶರಣು ಶರಣಾರ್ಥಿ. ತಾವು ಕ್ಷೇಮವೆಂದು ನಂಬಿದ್ದೇನೆ. ನಂಬಿದ್ದೇನೆ ಎಂದಷ್ಟೇ ಹೇಳಬಲ್ಲೆ, ಏಕೆಂದರೆ ನಾನು ತಮ್ಮನ್ನು ಕಡೆಯ ಸಲ ಕಂಡಾಗ ತಾವು ನನ್ನ ಗೇಮ್ ಸೆಂಟರಿನಲ್ಲಿ, ಕಿಟಕಿ ಪಕ್ಕದ ಕಂಪ್ಯೂಟರಿನೊಳಗೆ, ಅಂಗಾತ ಸತ್ತು ಬಿದ್ದಿದ್ದಿರಿ.

ನಾನು ಅಶ್ವಿನಿ, ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಆ ಸೆಂಟರ್ ನಡೆಸುವವಳು. ನನ್ನ ಅಂಗಡಿಗೆ ಯಾರೂ ಕಾಲಿಡಬಾರದು, ಎದುರಿನ ಮಲ್ಲಯ್ಯ ಚಹಾ ಕಳಿಸಬಾರದು, ಕುಡಿಯುವ ನೀರಿನ ಕ್ಯಾನಿನವನು ಬಾಗಿಲಿಗೆ ಬರಬಾರದು ಎಂದು ತಾವು ಆಟೋಗೆ ಮೈಕು ಕಟ್ಟಿಸಿ ಊರೆಲ್ಲ ಸಾರಿಸಿದ್ದೀರಲ್ಲ, ಅವಳೇ. ತಮ್ಮ ಕರಪತ್ರ ಅಚ್ಚ ತೆಲುಗಿನಲ್ಲಿತ್ತು, ಓದಿ ಸಂತೋಷಪಟ್ಟೆ. ನಾನು ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಾವು ಮನೆಯಲ್ಲಿ ಮಾತಾಡುವುದೂ, ಮಿಲ್ಲಿನಲ್ಲಿ ಆಳುಗಳನ್ನು ಬೈಯುವುದೂ ಇದೇ ಭಾಷೆಯಲ್ಲಾದ್ದರಿಂದ ಪತ್ರ ನೇರವಾಗಿ ಒಳಗೆ ಇಳಿದೀತೆಂಬ ಆಸೆ.

ಕಣ್ಣಾರೆ ಕಾಣದೆ ಯಾವುದನ್ನೂ ಖಂಡಿಸಬಾರದೆಂಬ ತಮ್ಮ ಧರ್ಮಬುದ್ಧಿಯನ್ನು ಎಷ್ಟು ಹೊಗಳಿದರೂ ಸಾಲದು. ಆ ಭಾನುವಾರ ತಾವು ಸಮಿತಿಯ ಹಿರಿಯರನ್ನು ಬೆನ್ನಿಗೆ ಕಟ್ಟಿಕೊಂಡು, ಬಂದೂಕಿನ ಆಟದಲ್ಲಿ ಎಷ್ಟು ರಕ್ತವಿದೆ ಎಂದು ಪರೀಕ್ಷಿಸಲು ಬಂದು ಕುಳಿತಿರಿ. ಎದುರು ಪಕ್ಷದಲ್ಲಿ ಆಡಲು ಅಲ್ಲಿ ಇದ್ದವನು ಒಬ್ಬನೇ, ರಾಮಾಂಜಿ. ಕೋಸಗಿ ಕಡೆಯವನು, ತಮ್ಮ ಮಿಲ್ಲಿನಲ್ಲೇ ಬೀಜ ಬಿಡಿಸುವ ಜಿನ್ನು ಯಂತ್ರಕ್ಕೆ ಹತ್ತಿ ಉಣಿಸುವವನು, ವಾರದ ರಜೆಯಲ್ಲಿ ನನ್ನಲ್ಲಿಗೆ ಬರುವವನು. ತಮಗೆ ಮೌಸ್ ಹಿಡಿಯುವುದನ್ನು ಕಲಿಸಿದವನೂ ಅವನೇ.

ಆಮೇಲೆ ನಡೆದದ್ದನ್ನು ಕರಪತ್ರದಲ್ಲಿ ಮುದ್ರಿಸಲು ಜಾಗ ಸಾಲಲಿಲ್ಲವೇನೋ, ನಾನೇ ಬರೆಯುತ್ತೇನೆ. ತಾವು ಗೋಡೆಗೆ, ಮರಕ್ಕೆ, ಆಕಾಶಕ್ಕೆ ಗುಂಡು ಹಾರಿಸಿದಿರಿ. ರಾಮಾಂಜಿ ಆಟದೊಳಗೂ ತಮ್ಮೆದುರು ಬಂದೂಕು ಇಳಿಸಿ ನಿಂತುಬಿಟ್ಟ. ಧಣಿ ಎದುರಿಗಿದ್ದಾಗ ಕೈಕಟ್ಟಿ ನಿಲ್ಲುವುದು ಅವನಿಗೆ ತಮ್ಮ ಮಿಲ್ಲಿನಲ್ಲೇ ಆದ ಅಭ್ಯಾಸ. ನಿಂತವನನ್ನು ತಾವು ಹೊಡೆದಿರಿ. ಅವನು ಎದ್ದು ಬಂದ, ಮತ್ತೆ ನಿಂತ, ಮತ್ತೆ ಹೊಡೆದಿರಿ. "ಬಿದ್ದ ನೋಡ್ರಿ ಮಗ!" ಎಂದು ತಾವು ತೊಡೆ ತಟ್ಟಿಕೊಂಡು ನಕ್ಕ ನಗೆಗೆ ಮಲ್ಲಯ್ಯ ಚಹಾ ಸೋಸುವುದು ಬಿಟ್ಟು ಇಣುಕಿ ನೋಡಿದ. ಅಷ್ಟು ಹೊತ್ತೂ ಆ ಆಟದಲ್ಲಿ ಹಿಂಸೆಯ ಸುಳಿವೂ ಇರಲಿಲ್ಲ. ಹಿರಿಯರೆಲ್ಲ ತಲೆದೂಗುತ್ತಿದ್ದರು.

ಕೊನೆಗೆ ತಾವೇ ಅಪ್ಪಣೆ ಕೊಟ್ಟಿರಿ: "ಏಯ್, ಗೊಂಬಿ ನಿಂತಂಗ ಯಾಕ ನಿಂತೀಯಲೇ? ನೀನೂ ಹೊಡಿ. ಆಟ ಅಂದ್ರ ಆಟ."

ಅಯ್ಯೋ, ಅದನ್ನು ಆ ಹುಂಬ ನಿಜವೆಂದು ನಂಬಿದ. ಕುರ್ಚಿಯಿಂದ ಎದ್ದ, ಚಪ್ಪಲಿ ಬಿಟ್ಟ, ತಮಗೆ ಕೈಮುಗಿದ. "ಶರಣ್ರಿ ಸಾವ್ಕಾರ್ರ, ತಪ್ಪು ತಿಳ್ಕಾಬ್ಯಾಡ್ರಿ, ಈಗ ಹೊಡಿತೀನ್ರಿ" ಎಂದು ಹೇಳಿ, ಮತ್ತೆ ಕುಳಿತು, ಒಂದೇ ಒಂದು ಗುಂಡು ಹೊಡೆದ. ಇಷ್ಟು ಮರ್ಯಾದೆಯಿಂದ ಕೊಲೆಯಾದವರು ಈ ಸೀಮೆಯಲ್ಲಿ ತಮ್ಮ ಹೊರತು ಇನ್ನೊಬ್ಬರಿರಲಾರರು.

ಆ ಗಳಿಗೆಯಲ್ಲಿ ತಮಗೆ ಜ್ಞಾನೋದಯವಾಯಿತು. ಇದು ಸಮಾಜ ಕೆಡಿಸುವ ಆಟ, ಆಳು ಧಣಿಯ ಮೇಲೆ ಕೈಯೆತ್ತುವುದನ್ನು ಕಲಿಸುವ ಆಟ ಎಂದು ಗರ್ಜಿಸಿ ಹೊರಟಿರಿ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ತಮ್ಮದು ಅದಕ್ಕಿಂತ ಒಂದು ಕೈ ಮೇಲು, ಅಂಗಳವನ್ನೇ ಅಗೆಸಿ ಹಾಕಿದಿರಿ. ಮರುದಿನ ಬೆಳಿಗ್ಗೆ ರಾಮಾಂಜಿಗೆ ಮಿಲ್ಲಿನ ಗೇಟು ಮುಚ್ಚಿತು. ಊರಿನ ಬೇರೆ ಮಿಲ್ಲುಗಳವರೂ ತಮ್ಮ ಮಾತಿಗೆ ಕಟ್ಟುಬಿದ್ದು ಅವನನ್ನು ಒಳಗೆ ಬಿಡುತ್ತಿಲ್ಲ.

ಹಿಂಸೆಯ ವಿಷಯದಲ್ಲಿ ನನ್ನ ಸ್ವಂತ ಅಭಿಪ್ರಾಯವನ್ನೂ ಅರಿಕೆ ಮಾಡಿಕೊಳ್ಳುತ್ತೇನೆ. ಪರದೆಯ ಮೇಲೆ ಆ ಪರಿ ರಕ್ತ ಚೆಲ್ಲುವುದು ನನಗೂ ಸೇರುವುದಿಲ್ಲ. ಚಿಕ್ಕವರಿಗೆ ಕಾರು ಓಡಿಸುವ ಆಟ ಬಿಟ್ಟು ಬೇರೆ ಕೊಡುವುದಿಲ್ಲ. ಬಂದೂಕಿನ ಆಟ ಆಡಿ ಆಡಿ ಮನುಷ್ಯ ಕಲ್ಲಾಗುತ್ತಾನೆಯೇ ಎಂದು ಯಾರಾದರೂ ಪ್ರೀತಿಯಿಂದ ಕೇಳಿದ್ದರೆ, ನನಗೂ ಗೊತ್ತಿಲ್ಲ, ಬನ್ನಿ ಕೂತು ಮಾತಾಡೋಣ ಎನ್ನುತ್ತಿದ್ದೆ. ಆದರೆ ಕೇಳಿದವರು ತಾವು! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ರಾಮಾಂಜಿಯ ಬಲಗೈಯಲ್ಲಿ ಎರಡು ಬೆರಳಿಲ್ಲ ಎಂಬುದನ್ನು ತಾವು ಆ ದಿನ ಗಮನಿಸಿದಿರೋ ಇಲ್ಲವೋ. ಹೋದ ಸುಗ್ಗಿಯಲ್ಲಿ ತಮ್ಮ ಜಿನ್ನಿನ ರೋಲರು ಎಳೆದುಕೊಂಡದ್ದು ಅವು. ಯಂತ್ರಕ್ಕೆ ಮುಚ್ಚಳ ಹಾಕಿಸಿರೆಂದು ಆಳುಗಳು ಮೊದಲೇ ಬೇಡಿಕೊಂಡಿದ್ದರು. ತಾವು ಅರಿಶಿನ ಒತ್ತಿಸಿ, ಬಟ್ಟೆ ಸುತ್ತಿಸಿ, "ಹುಷಾರಾಗಿರಬೇಕಪ್ಪ" ಎಂದು ಬುದ್ಧಿ ಹೇಳಿ ಕಳಿಸಿದಿರಿ. ಅಂದು ಸಮಿತಿ ಕೂಡಲಿಲ್ಲ, ಆಟೋಗೆ ಮೈಕೂ ಕಟ್ಟಲಿಲ್ಲ. ಉಳಿದ ಮೂರು ಬೆರಳಲ್ಲೇ ಅವನು ತಮ್ಮನ್ನು ಹೊಡೆದದ್ದು. ಆಟದಲ್ಲಿ ಸತ್ತವರು ಹತ್ತೆಣಿಸುವಷ್ಟರಲ್ಲಿ ಮೈಕೊಡವಿ ಏಳುತ್ತಾರೆ. ಅವನ ಬೆರಳು ಇನ್ನೂ ಎದ್ದಿಲ್ಲ, ಸಾವುಕಾರರೇ.

ಬಹಿಷ್ಕಾರದ ಬಗೆಗೂ ನನಗೊಂದು ತಪ್ಪು ತಿಳಿವಳಿಕೆ ಇತ್ತು. ಕೈಯಲ್ಲಿ ಏನೂ ಇಲ್ಲದವನು, ಎಲ್ಲ ಇದ್ದವನ ಎದುರು, ನಿನ್ನ ಸಹವಾಸ ಬೇಡ ಎಂದು ಬೆನ್ನು ತಿರುಗಿಸುವುದಕ್ಕೆ ಆ ಹೆಸರೆಂದು ಓದಿದ್ದೆ. ಗೇಟಿನ ಕೀಲಿಕೈ ಸೊಂಟದಲ್ಲಿ ಸಿಕ್ಕಿಸಿಕೊಂಡವನು ಬಾಗಿಲು ಮುಚ್ಚಿದರೂ ಅದೇ ಹೆಸರೇ? ನಮ್ಮ ಹಳ್ಳಿಗಳಲ್ಲಿ ಹಿಂದೆ ಬಡವರಿಗೆ ಬೆಂಕಿ ನೀರು ಕೊಡಬೇಡಿರೆಂದು ಡಂಗುರ ಹೊಡೆಸುತ್ತಿದ್ದರಲ್ಲ, ಅದಕ್ಕೆ ಹೊಸ ಬಟ್ಟೆ ತೊಡಿಸಿ ಪ್ರತಿಭಟನೆ ಎಂದು ಕರೆದ ತಮ್ಮ ಜಾಣತನಕ್ಕೆ ಯಾರಾದರೂ ಶಾಲು ಹೊದಿಸಬೇಕು.

ಆದ್ದರಿಂದ ನನ್ನ ಬಿನ್ನಹಗಳು. ಈ ಆಟ ಮಾಡಿದ ಪರದೇಶದ ಕಂಪನಿಗೆ ತಾವು ಕೂಡಲೇ ಒಂದು ಕಾಗದ ಬರೆದು, ಸಾವುಕಾರರು ಪ್ರವೇಶಿಸುತ್ತಲೇ ಎದುರಾಳಿಗಳೆಲ್ಲ ಹೆಗಲ ಮೇಲಿನ ಟವಲು ಸೊಂಟಕ್ಕೆ ಸುತ್ತಿಕೊಳ್ಳುವ ಹಾಗೆ, ಹಾರಿದ ಗುಂಡು ಅರ್ಧದಾರಿಯಲ್ಲಿ ನಿಂತು ನಮಸ್ಕರಿಸಿ ಹಿಂತಿರುಗುವ ಹಾಗೆ ತಿದ್ದುಪಡಿ ಮಾಡಿಸಬೇಕು. ಅಷ್ಟಕ್ಕೂ ಸಮಾಧಾನವಾಗದಿದ್ದರೆ ತಮ್ಮ ಜಿನ್ನಿನ ರೋಲರಿಗೂ ಅಹಿಂಸೆಯ ಕರಪತ್ರ ಒಂದನ್ನು ಓದಿ ಹೇಳಬೇಕು. ಇವೆರಡೂ ಆಗದ ಕೆಲಸವೆನ್ನಿಸಿದರೆ, ಆಗುವಂಥದ್ದು ಒಂದಿದೆ: ನನ್ನ ಅಂಗಡಿ ಮುಚ್ಚಿದರೆ ಮುಚ್ಚಲಿ, ರಾಮಾಂಜಿಯನ್ನು ಕೆಲಸಕ್ಕೆ ಕರೆಯಿರಿ, ಯಂತ್ರಕ್ಕೆ ಮುಚ್ಚಳ ಹಾಕಿಸಿರಿ. ಅವನು ಹೊಡೆದದ್ದು ತಮ್ಮ ಅಪ್ಪಣೆಯ ಮೇರೆಗೆ, ಅದೂ ಕ್ಷಮೆ ಕೇಳಿ.

ತಾವು ಮತ್ತೆ ಸಾಯದೆ ನೂರ್ಕಾಲ ಬಾಳಬೇಕೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಅಶ್ವಿನಿ

ವಿ.ಸೂ.: ಈ ಪತ್ರವನ್ನು ಅಂಗಡಿಯ ಶಟರಿಗೆ ಅಂಟಿಸುವ ಮುನ್ನ, ತಮ್ಮ ಮಿಲ್ಲಿನಲ್ಲಿ ಹತ್ತಿ ಆರಿಸುವ ಜಂಬಮ್ಮನಿಗೂ ಅವಳ ಜೊತೆಗಾರ್ತಿಯರಿಗೂ ತಮ್ಮ ಗೇಟಿನ ಹೊರಗೆ ಕೂತು ಓದಿ ಹೇಳಿದೆ. ಮುಗಿದ ಮೇಲೆ ಆಕೆ, "ಬಹಿಷ್ಕಾರ ಅಂದ್ರ ಏನವ್ವಾ?" ಎಂದು ಕೇಳಿದಳು. ಯಾರ ಮೇಲೆ ಸಿಟ್ಟಿದೆಯೋ ಅವರ ಕಡೆಗೆ ಯಾರೂ ಹೋಗದೆ ಇರುವುದು ಎಂದೆ. ಆಕೆ ಮೋಡ ಕಟ್ಟಿದ್ದ ಆಕಾಶ ನೋಡಿ, ತಮ್ಮ ಅಂಗಳದ ಬಿಡಿ ಹತ್ತಿಯ ಗುಡ್ಡ ನೋಡಿ, "ಅಷ್ಟಽ ಏನು? ಅದು ನಮಗೂ ಬರ್ತೈತಲ್ಲವ್ವಾ!" ಎಂದಳು. ನಾಳೆ ಬೆಳಿಗ್ಗೆ ಮಳೆ ಬಂದರೆ ಹತ್ತಿಯ ಮೇಲೆ ಟಾರ್ಪಾಲು ಎಳೆಯಲು ಸಮಿತಿಯ ಹಿರಿಯರನ್ನು ಈಗಲೇ ಕರೆಸಿಕೊಂಡಿರುವುದು ಒಳ್ಳೆಯದು.