ಕಸದ ಡಬ್ಬಿಯ ಗಡಿರೇಖೆ

ನಾನು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಕಸ ಎಂಬ ವಸ್ತುವೇ ಇರಲಿಲ್ಲ. ತರಕಾರಿ ಸಿಪ್ಪೆ ದನಕ್ಕೆ, ಸಗಣಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ, ನನ್ನ ಹಳೆಯ ಅಂಗಿ ತಮ್ಮನಿಗೆ. ಮುಂದೆ ನಮ್ಮ ವಂಶದಲ್ಲೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿ, ವಿಜ್ಞಾನದಲ್ಲಿ ಪದವಿ ಪಡೆದು, ಶಾಲಾ ಮೇಷ್ಟ್ರಾಗಿ ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ಒಂದು ಸತ್ಯ ಗೊತ್ತಾಯಿತು. ಓದಿದ ಮನುಷ್ಯ ಎಲ್ಲವನ್ನೂ ಕೊಂಡು ತರುತ್ತಾನೆ, ಆದರೆ ಅದರ ಹೊದಿಕೆಯನ್ನು ಎಲ್ಲಿ ಎಸೆಯಬೇಕೆಂದು ಯಾವ ಪಠ್ಯಪುಸ್ತಕವೂ ಅವನಿಗೆ ಹೇಳಿಕೊಟ್ಟಿರುವುದಿಲ್ಲ.

ನಮ್ಮದು ಮಹಡಿ ಮನೆಯ ಕೆಳಭಾಗ. ಎಡಕ್ಕೆ ನಾವು, ಬಲಕ್ಕೆ ಒಬ್ಬ ದರ್ಜಿಯವರ ಸಂಸಾರ, ನಮ್ಮಿಬ್ಬರ ತಲೆಯ ಮೇಲೆ ಮನೆಯ ಯಜಮಾನಿ. ಅವರನ್ನು ಎಲ್ಲರೂ ಓನರಮ್ಮ ಎನ್ನುತ್ತಾರೆ. ಮಂಡಿನೋವಿನ ಕಾರಣ ಅವರು ಮೇಲಿಂದ ಇಳಿದು ಬರುವುದು ಅಪರೂಪ. ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕೂತೇ ರಾಜ್ಯಭಾರ ನಡೆಸುತ್ತಾರೆ. ಕೆಳಗಿನ ಎರಡೂ ಮನೆಗೆ ಸೇರಿ ಗೇಟಿನ ಬಳಿ ಒಂದೇ ಒಂದು ಕಸದ ಡಬ್ಬಿ. ಸೊಂಟದೆತ್ತರದ್ದು, ಚಕ್ರವಿರುವುದು, ಹಸಿರು ಮುಚ್ಚಳದ್ದು. ಕಸದ ಗಾಡಿಯವರದೊಂದು ನಿಯಮವಿದೆ. ಮುಚ್ಚಳ ಪೂರ್ತಿ ಮುಚ್ಚಿದ್ದರೆ ಮಾತ್ರ ಡಬ್ಬಿ ಎತ್ತುತ್ತಾರೆ. ಒಂದು ಬೆರಳಿನಷ್ಟು ಬಾಯಿ ತೆರೆದಿದ್ದರೂ ಅದನ್ನು ಅಲ್ಲೇ ಬಿಟ್ಟು ಮುಂದಿನ ಮನೆಗೆ ಹೋಗುತ್ತಾರೆ. ಆಮೇಲೆ ಮುಂದಿನ ವಾರದವರೆಗೆ ನಾಯಿ, ನೊಣ ಮತ್ತು ಓನರಮ್ಮ.

ನಮ್ಮ ಡಬ್ಬಿಯೋ, ಸದಾ ಬಾಯಿ ತೆರೆದುಕೊಂಡೇ ಇರುತ್ತಿತ್ತು (ಕ್ಲಾಸಿನ ಕೊನೆಯ ಬೆಂಚಿನಲ್ಲಿ ಇಂಥ ಹಲವರನ್ನು ನಾನು ಬಲ್ಲೆ). ಗಾಡಿ ಮತ್ತೆ ಮತ್ತೆ ಬಿಟ್ಟು ಹೋಯಿತು. ಕೊನೆಗೊಂದು ದಿನ ಬಾಲ್ಕನಿಯಿಂದ ತೀರ್ಪು ಹೊರಬಿತ್ತು.

"ಮೇಷ್ಟ್ರೇ, ದರ್ಜಿಯವ್ರೇ, ಇಬ್ರೂ ಕೇಳಿಸ್ಕೊಳ್ಳಿ. ಇನ್ನೊಂದು ಸಲ ಈ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಗೇಟಲ್ಲಿ ಉಳಿದ್ರೆ, ಎರಡರಲ್ಲಿ ಒಂದು ಮನೆ ಖಾಲಿ ಆಗ್ಬೇಕು. ಯಾವುದು ಅಂತ ನೀವೇ ಮಾತಾಡ್ಕೊಳ್ಳಿ."

ಶಾಲೆಗೆ ನಡೆದೇ ಹೋಗುವಷ್ಟು ಹತ್ತಿರದ ಮನೆ. ಅಡುಗೆಮನೆಗೆ ಬೆಳಗಿನ ಬಿಸಿಲು. ನಲ್ಲಿಯಲ್ಲಿ ದಿನವೂ ನೀರು. ಇಂಥದ್ದು ಇನ್ನೊಂದು ಸಿಗುವಷ್ಟರಲ್ಲಿ ನಾನು ನಿವೃತ್ತನಾಗಿರುತ್ತೇನೆ.

"ಖಾಲಿ ಮಾಡೋರು ಅವರೇ" ಎಂದೆ ಹೆಂಡತಿಗೆ. "ನಾವಿರೋದು ಇಬ್ಬರು. ಇಬ್ಬರ ಕಸ ಎಷ್ಟಾಗುತ್ತೆ?"

"ಅವರೂ ಇಬ್ಬರೇ ಅಲ್ವೇನ್ರೀ?"

"ಇಬ್ಬರು ಮತ್ತು ಒಂದು ಹೊಲಿಗೆ ಯಂತ್ರ. ಆ ಯಂತ್ರಕ್ಕೆ ಬಾಯಿದೆ ಅಂದ್ಮೇಲೆ ಕಸಾನೂ ಇರುತ್ತೆ."

ವಿಜ್ಞಾನದ ಮೇಷ್ಟ್ರು ಪುರಾವೆಯಿಲ್ಲದೆ ಮಾತಾಡಬಾರದು. ಶಾಲೆಯಿಂದ ಬಂದವನೇ ಹಳೆಯ ಛತ್ರಿಯ ತುದಿಯಿಂದ ಡಬ್ಬಿಯ ಕಸವನ್ನು ಕೆದಕಿದೆ. ನನ್ನ ಊಹೆ ನಿಜವಾಯಿತು. ಬಟ್ಟೆ ಚೂರುಗಳು. ಹೂವಿನ ಚಿತ್ರದ್ದು, ಗೆರೆಯದ್ದು, ಶಾಲೆಯ ಸಮವಸ್ತ್ರದ ನೀಲಿಯದ್ದು. ಒಂದು ಹಿಡಿಯನ್ನು ಛತ್ರಿಯ ತುದಿಗೆ ಸಿಕ್ಕಿಸಿಕೊಂಡು ದರ್ಜಿಯವರ ಬಾಗಿಲಿಗೆ ಹೋದೆ.

ದರ್ಜಿಯವರು ಮೃದು ಮಾತಿನ ಮನುಷ್ಯ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಜೋರಾಗಿ ಮಾತಾಡುವ ಅಭ್ಯಾಸ ಅವರಿಗೆ ಆಗಲೇ ಇಲ್ಲ.

"ಇದು ಏನು?" ಎಂದೆ.

ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ಛತ್ರಿ" ಎಂದರು.

"ಅದರ ತುದಿಯಲ್ಲಿ?"

"ಬಟ್ಟೆ ಚೂರು. ಆದ್ರೆ ಮೇಷ್ಟ್ರೇ, ನಮ್ಮನೇದು ಒಂದು ಚೂರೂ ಡಬ್ಬಿಗೆ ಬೀಳಲ್ಲ."

"ಡಬ್ಬಿಗೆ ಬೀಳದೆ ಆಕಾಶಕ್ಕೆ ಹಾರುತ್ತಾ?"

ಅವರು ಹೆಂಡತಿಯ ಮುಖ ನೋಡಿದರು. ಕಾಜ ಹಾಕುತ್ತಿದ್ದ ಆಕೆ ತಲೆಯೆತ್ತದೆ, "ಹೋಗ್ಬೇಕಾದ ಕಡೆ ಹೋಗುತ್ತೆ ಬಿಡಿ" ಎಂದರು. ಇದೆಂಥ ಉತ್ತರ? ಪರೀಕ್ಷೆಯಲ್ಲಿ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಮನೆಗೆ ಬಂದು ಇದನ್ನೆಲ್ಲ ವರದಿ ಮಾಡಿದರೆ ನನ್ನ ಹೆಂಡತಿ ಆಗಲೇ ತೊಳೆದಿದ್ದ ಲೋಟವನ್ನು ಮತ್ತೆ ತೊಳೆಯುತ್ತಾ, "ಬಟ್ಟೆ ಚೂರು ಅಂದಾಕ್ಷಣ ಅದು ದರ್ಜಿಯವರದೇ ಅಂತ ಹೇಗೆ ಹೇಳ್ತೀರಿ?" ಎಂದಳು.

"ಮತ್ತೆ ಸೀಮೆಸುಣ್ಣದ ಪುಡಿ ಸಿಕ್ಕಿದ್ರೆ ಯಾರದು ಅಂತೀಯ?"

"ನಿಮ್ಮದು."

"ನೋಡು ಮತ್ತೆ."

ಅವಳು ಸುಮ್ಮನಾದಳು. ನನ್ನ ತರ್ಕಕ್ಕೆ ಸೋತಳು ಎಂದುಕೊಂಡೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಮೌನದ ಅರ್ಥ ತಿಳಿದುಕೊಳ್ಳದವನು ಮಕ್ಕಳಿಗೆ ಗುರುತ್ವಾಕರ್ಷಣೆ ಕಲಿಸುತ್ತೇನೆ.

ಆಗ ನನಗೊಂದು ಮಹಾನ್ ಯೋಚನೆ ಹೊಳೆಯಿತು. ಶಾಲೆಯ ಪ್ರದರ್ಶನದಲ್ಲಿ ಬಳಸಿ ಬಿಟ್ಟಿದ್ದ ಒಂದು ಪ್ಲೈವುಡ್ ಹಲಗೆಯನ್ನು ಡಬ್ಬಿಯ ಅಳತೆಗೆ ಕೊಯ್ದು, ಒಂದು ಬದಿಯಲ್ಲಿ ಕೆಂಪು ಬಣ್ಣದಿಂದ "ಮೇಷ್ಟ್ರು" ಎಂದೂ ಇನ್ನೊಂದು ಬದಿಯಲ್ಲಿ "ದರ್ಜಿ" ಎಂದೂ ದುಂಡಗಿನ ಅಕ್ಷರಗಳಲ್ಲಿ ಬರೆದು, ಡಬ್ಬಿಯ ನಟ್ಟನಡುವೆ ನಿಲ್ಲಿಸಿದೆ. ಎಡಗಡೆ ನಮ್ಮದು, ಬಲಗಡೆ ಅವರದು. ಯಾರ ಕಡೆ ಉಕ್ಕುತ್ತದೋ ಅವರೇ ಅಪರಾಧಿ. ಇನ್ನು ಮುಂದೆ ವಾದವಿಲ್ಲ, ದರ್ಶನ ಮಾತ್ರ.

ದರ್ಶನವಾಯಿತು. ಉಕ್ಕಿದ್ದು ಎಡಗಡೆ.

ದರ್ಜಿಯವರು ಗೇಟಿನ ಬಳಿ ನಿಂತು ಬಹಳ ಹೊತ್ತು ಡಬ್ಬಿಯನ್ನು ನೋಡಿ, "ಮೇಷ್ಟ್ರೇ, ತಮ್ಮ ಕಡೆ ಸ್ವಲ್ಪ ಹೆಚ್ಚಾದ ಹಾಗಿದೆ" ಎಂದರು.

"ನಾನು ಶಾಲೆಗೆ ಹೋದಾಗ ಯಾರೋ ನಮ್ಮ ಕಡೆ ಸುರಿದಿದ್ದಾರೆ."

"ಯಾರೋ ಅಂದ್ರೆ?"

"ಯಾರೋ ಅಂದ್ರೆ, ಬಟ್ಟೆ ಚೂರು ಯಾರ ಹತ್ತಿರ ಇರುತ್ತೋ ಅವರು."

ಅವರು ಏನೋ ಹೇಳಲು ಬಾಯಿ ತೆರೆದವರು, ನಮ್ಮ ಅಡುಗೆಮನೆಯ ಕಿಟಕಿಯ ಕಡೆ ನೋಡಿ, ಸೂಜಿ ಕಚ್ಚಿಕೊಂಡು ಒಳಗೆ ಹೋದರು. ಆ ಕಿಟಕಿಯಲ್ಲಿ ಏನಿತ್ತು ಎಂದು ತಿರುಗಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ಗಾಡಿ ಬರುವುದಿತ್ತು. ನಮ್ಮ ಭಾಗದ ಕಸ ಮುಚ್ಚಳವನ್ನು ಟೊಪ್ಪಿಯಂತೆ ತಲೆಯ ಮೇಲೆ ಹೊತ್ತು ನಿಂತಿತ್ತು. ಆ ಸಂಜೆ ನಾನು ಅದರ ಸುತ್ತ ತಿರುಗುತ್ತಿದ್ದಾಗ ಅಪ್ಪ ನೆನಪಾದರು.

ನಮ್ಮ ಹೊಲದಲ್ಲಿ ಹತ್ತಿ ಬಿಡಿಸಿದ ಮೇಲೆ ಉದ್ದನೆಯ ಗೋಣಿಚೀಲವನ್ನು ಮರಕ್ಕೆ ತೂಗುಹಾಕಿ, ಅದರೊಳಗೆ ನನ್ನನ್ನು ಇಳಿಬಿಡುತ್ತಿದ್ದರು. ಮೇಲಿಂದ ಅಪ್ಪ ಹತ್ತಿ ಸುರಿಯುವುದು, ಒಳಗೆ ನಾನು ತುಳಿಯುವುದು. ತುಳಿತುಳಿದ ಹಾಗೆ ನಾನು ಮೇಲೇರುತ್ತಾ ಬಂದು, ಕೊನೆಗೆ ಚೀಲದ ಬಾಯಲ್ಲಿ ನನ್ನ ತಲೆ ಕಾಣಿಸಿಕೊಂಡರೆ ಚೀಲ ತುಂಬಿತು ಎಂದರ್ಥ. "ನಮ್ಮ ಹುಡುಗ ತುಳಿದ ಚೀಲ ಕಲ್ಲಿನ ಹಾಗಿರುತ್ತೆ" ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಪದವಿ ಬಂದಾಗಲೂ ಅವರು ನನ್ನನ್ನು ಅಷ್ಟು ಹೊಗಳಿರಲಿಲ್ಲ.

ಪ್ಯಾಂಟು ಮಡಚಿ, ಹಳೆಯ ಬೂಟು ಹಾಕಿಕೊಂಡು, ಸ್ಟೂಲಿನ ಮೇಲಿಂದ ಡಬ್ಬಿಯೊಳಗೆ ಇಳಿದೆ.

"ಏನ್ರೀ ಇದು?" ಹೆಂಡತಿ ಬಾಗಿಲಲ್ಲಿ ನಿಂತಳು.

"ಘನಫಲ ಕಡಿಮೆ ಮಾಡ್ತಿದ್ದೀನಿ."

"ಯಾರಾದ್ರೂ ನೋಡಿದ್ರೆ ಏನಂತಾರೆ?"

"ಮನೆ ಖಾಲಿ ಮಾಡುವಾಗ ನೋಡೋದಕ್ಕಿಂತ ಈಗ ನೋಡ್ಲಿ."

ಎಡಗಡೆ ತುಳಿದೆ. ಹಲಗೆ ಬಲಕ್ಕೆ ಬಾಗಿತು. ದರ್ಜಿಯವರು ಓಡಿ ಬಂದು, "ಮೇಷ್ಟ್ರೇ, ಒತ್ತುವರಿ" ಎಂದರು. ನ್ಯಾಯವಾದ ಮಾತು. ಸರಿ, ಬಲಗಡೆಯೂ ತುಳಿದೆ. ಅವರ ಕಸವನ್ನು ನಾನು ತುಳಿಯುವುದನ್ನು ನೋಡಿ ಅವರಿಗೆ ಸಂಕೋಚವಾಯಿತೋ ಏನೋ, ನನಗೆ ಆಸರೆಯಾಗಿ ಹೆಗಲು ಕೊಟ್ಟರು. ಒಂದು ಕಾಲು ನಮ್ಮ ಕಸದಲ್ಲಿ, ಒಂದು ಕಾಲು ಅವರ ಕಸದಲ್ಲಿ, ಕೈ ಅವರ ಹೆಗಲ ಮೇಲೆ. ನೆರೆಹೊರೆಯ ಸೌಹಾರ್ದ ಎಂದರೆ ಇದೇ ಇರಬೇಕು. ಹೊರಬರುವಾಗ ಎಲ್ಲೋ ಪರ್ ಎಂಬ ಸದ್ದಾಯಿತು. ಗೆದ್ದ ಖುಷಿಯಲ್ಲಿ ಅದನ್ನು ಲೆಕ್ಕಿಸಲಿಲ್ಲ. ಯಾಕೆಂದರೆ ಮುಚ್ಚಳ ಮುಚ್ಚಿತ್ತು. ಪೂರ್ತಿಯಾಗಿ, ತುಟಿಗೆ ತುಟಿ ಕೂಡಿಕೊಂಡ ಹಾಗೆ.

ಬೆಳಿಗ್ಗೆ ಗಾಡಿಯ ಸದ್ದು ಕೇಳಿದ ಕೂಡಲೇ ನಾನು ನಿನ್ನೆಯದೇ ಪ್ಯಾಂಟು ಏರಿಸಿಕೊಂಡು ಗೇಟಿನಲ್ಲಿ ಹಾಜರು. ಪಕ್ಕದಲ್ಲಿ ದರ್ಜಿಯವರು. ಮೇಲೆ ಓನರಮ್ಮ. ಚಾಲಕ ಮುಚ್ಚಳ ನೋಡಿ ತಲೆಯಾಡಿಸಿದ. ಗಾಡಿಯ ಕಬ್ಬಿಣದ ತೋಳು ಡಬ್ಬಿಯನ್ನು ಅಪ್ಪಿಕೊಂಡು ಎತ್ತಿ ಬೋರಲು ಹಾಕಿತು.

ಏನೂ ಬೀಳಲಿಲ್ಲ.

ತೋಳು ಡಬ್ಬಿಯನ್ನು ಒಮ್ಮೆ ಕುಲುಕಿತು. ಮತ್ತೊಮ್ಮೆ ಕುಲುಕಿತು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಗುರುತ್ವಾಕರ್ಷಣೆ ನನ್ನ ಕಣ್ಣೆದುರೇ ಸೋತು ನಿಂತಿತು.

ಚಾಲಕ ತಲೆ ಹೊರಗೆ ಹಾಕಿ, "ಏನ್ ಸಾರ್, ಒಳಗೆ ಸಿಮೆಂಟ್ ಹಾಕಿದ್ದೀರಾ?" ಎಂದು ಕೇಳಿದ.

"ಸ್ವಲ್ಪ ತುಳಿದಿದ್ದೆ."

"ಬೀಳದೇ ಇರೋ ಕಸ ನಾವು ತಗೊಳ್ಳಲ್ಲ. ಆ ಕಡೆ ಬೀದಿ ಮುಗಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ಸಡಿಲ ಮಾಡಿಟ್ಟಿದ್ರೆ ಸರಿ, ಇಲ್ಲಾಂದ್ರೆ ಮುಂದಿನ ವಾರ."

ಡಬ್ಬಿ ಇದ್ದ ಹಾಗೆಯೇ ಕೆಳಗಿಳಿಯಿತು. ನಾನು ಮೇಲೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಬೆತ್ತದ ಕುರ್ಚಿ ಕಿರುಗುಟ್ಟಿದ್ದರಲ್ಲೇ ಎಲ್ಲ ಅರ್ಥವಾಯಿತು.

ನಾನೂ ದರ್ಜಿಯವರೂ ಡಬ್ಬಿಯನ್ನು ಮಲಗಿಸಿ, ತಳಕ್ಕೆ ಗುದ್ದಿ, ಹಲಗೆಯ ಅಂಚು ಹಿಡಿದು ಜಗ್ಗಿದೆವು. ಮೊದಲು ಅಲ್ಲಾಡಲಿಲ್ಲ. ಆಮೇಲೆ ಒಮ್ಮೆಲೇ ಭಸ್ ಎಂದು ಇಡೀ ಕಸ ಡಬ್ಬಿಯ ಆಕಾರದಲ್ಲೇ ಜಾರಿ ರಸ್ತೆಗೆ ಬಂದು, ಹಲಗೆಯ ಎರಡೂ ಕಡೆ ಎರಡು ಇಟ್ಟಿಗೆಗಳಂತೆ ಬಿತ್ತು. ಅಪ್ಪ ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು.

"ಯಾವ ಕಡೆದು ಯಾರದು?" ಮೇಲಿಂದ ಪ್ರಶ್ನೆ ಬಂತು.

ಇದೇ ಸಮಯವೆಂದು ನಾನು ಹಲಗೆಯನ್ನು ಎತ್ತಿ ಹಿಡಿದು, ಕ್ಲಾಸಿನ ದನಿಯಲ್ಲಿ, "ಬರೆದಿದೆ, ಓದಿಕೊಳ್ಳಿ ಅಮ್ಮಾ" ಎಂದೆ.

ಎಲ್ಲರೂ ಓದಿಕೊಂಡರು. "ದರ್ಜಿ" ಎಂದಿದ್ದ ಕಡೆಯ ಇಟ್ಟಿಗೆ ಮೊಣಕಾಲೆತ್ತರವೂ ಇರಲಿಲ್ಲ. ತರಕಾರಿ ಸಿಪ್ಪೆ, ಹಾಲಿನ ಪೊಟ್ಟಣ, ದಾರ ಮುಗಿದ ಒಂದಷ್ಟು ಕೊಳವೆ. "ಮೇಷ್ಟ್ರು" ಎಂದಿದ್ದ ಕಡೆಯ ಇಟ್ಟಿಗೆ ಅದರ ಎರಡರಷ್ಟು ಎತ್ತರವಿತ್ತು. ಅದರಲ್ಲಿ ತಳದಿಂದ ತುದಿಯವರೆಗೆ ಪದರ ಪದರವಾಗಿ ಹೂವಿನ ಚೂರು, ಗೆರೆಯ ಚೂರು, ಸಮವಸ್ತ್ರದ ನೀಲಿ ಚೂರು. ಪ್ರತಿ ಪದರದ ನಡುವೆ ನಮ್ಮದೇ ಮನೆಯ ಚಹಾಪುಡಿ, ನಾನೇ ತಿದ್ದಿ ಎಸೆದ ಕಿರುಪರೀಕ್ಷೆಯ ಹಾಳೆ. ಮೇಲಿಂದ ಯಾರೋ ಸುರಿದದ್ದು ಎನ್ನಲು ಜಾಗವೇ ಇರಲಿಲ್ಲ.

ದರ್ಜಿಯವರ ಹೆಂಡತಿಯ ಜೊತೆ ಗೇಟಿಗೆ ಬಂದು ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿದೆ.

"ಅಕ್ಕ ಚೂರುಗಳನ್ನೆಲ್ಲ ನನಗೇ ಕೊಡ್ತಾರೆ" ಎಂದಳು ಅವಳು, ದರ್ಜಿಯವರ ಹೆಂಡತಿಯನ್ನು ತೋರಿಸಿ. "ದಿಂಬು, ಮೆತ್ತೆ ಮಾಡ್ತೀನಿ. ತುಂಬೋಕೆ ಬಾರದ ದಪ್ಪ ಚೂರನ್ನ ಡಬ್ಬಿಗೆ ಹಾಕ್ತೀನಿ."

"ನನಗೆ ಯಾಕೆ ಹೇಳ್ಲಿಲ್ಲ?"

"ಪಕ್ಕದ ಮನೆಯಿಂದ ಬೆಂಕಿಕಡ್ಡಿನೂ ಇಸ್ಕೋಬಾರದು ಅಂತ ಮದುವೆಯಾದ ಹೊಸದರಲ್ಲೇ ಪಾಠ ಮಾಡಿದ್ರಲ್ಲ. ಆಮೇಲೆ ಛತ್ರಿ ಹಿಡ್ಕೊಂಡು ಹೋದ್ರಿ. ಆಗ ಹೇಳಿದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತು."

"ಈಗ?"

ಅವಳು ಬೀದಿಯ ತೆರೆದ ಕಿಟಕಿಗಳನ್ನೊಮ್ಮೆ ನೋಡಿದಳು.

"ನಾವೂ ಹೇಳೋಣ ಅಂದ್ಕೊಂಡ್ವಿ" ಎಂದರು ದರ್ಜಿಯವರು, ಅಪರಾಧಿ ತಾವೇ ಎನ್ನುವ ಹಾಗೆ. "ಈ ತಂಗಿ ಅಡುಗೆಮನೆ ಕಿಟಕಿಯಿಂದ ಬೇಡ ಬೇಡ ಅಂತ ಕೈಸನ್ನೆ ಮಾಡಿದ್ರು."

ರಾತ್ರಿಯೆಲ್ಲ ನಾನು ತಲೆಯಿಟ್ಟು ದರ್ಜಿಯವರ ಮೇಲೆ ಕತ್ತಿ ಮಸೆಯುತ್ತಿದ್ದ ಆ ಮೆತ್ತನೆಯ ದಿಂಬು ನೆನಪಾಯಿತು. ಆದರೆ ದಿಂಬಿನ ಯೋಚನೆಗೆ ಇದು ಸಮಯವಲ್ಲ. ಬಾಲ್ಕನಿಯ ತೀರ್ಪು ಬಾಕಿಯಿತ್ತು. ನಿಯಮದ ಪ್ರಕಾರ ಖಾಲಿ ಮಾಡಬೇಕಾದವರು ನಾವು. ಬೆಳಗಿನ ಬಿಸಿಲು, ದಿನವೂ ಬರುವ ನೀರು ಎರಡನ್ನೂ ಮನಸ್ಸಿನಲ್ಲೇ ಬೀಳ್ಕೊಟ್ಟು ತಲೆಯೆತ್ತಿದೆ.

ಓನರಮ್ಮ ಕುರ್ಚಿಯಿಂದ ಕಷ್ಟಪಟ್ಟು ಎದ್ದರು. ತಾವು ಕೂತಿದ್ದ ಮೆತ್ತೆಯನ್ನು ಕೈಗೆತ್ತಿಕೊಂಡು ಬಾಲ್ಕನಿಯ ಕಟಾಂಜನದ ಮೇಲಿಟ್ಟು ತಟ್ಟಿದರು. ಹೂವಿನ ಚಿತ್ರ, ಗೆರೆ, ಸಮವಸ್ತ್ರದ ನೀಲಿ.

"ನನ್ನ ಮಂಡಿನೋವಿಗೆ ಡಾಕ್ಟರ ಮಾತ್ರೆಯಿಂದ ಆಗದೇ ಇದ್ದದ್ದು ಇದರಿಂದ ಆಗಿದೆ" ಎಂದರು. "ಇದರ ಜೋಡಿ ಇನ್ನೊಂದು ಬರಬೇಕು. ಅದಕ್ಕೆ ದರ್ಜಿಯವರ ಚೂರೂ ಬೇಕು, ನಿಮ್ಮ ಮನೆಯಾಕೆಯ ಕೈಯೂ ಬೇಕು. ಅವರಿಬ್ರಲ್ಲಿ ಯಾರೂ ಎಲ್ಲಿಗೂ ಹೋಗೋ ಹಾಗಿಲ್ಲ. ಬೇಡವಾಗಿರೋದು ಅಂದ್ರೆ..."

ಅಲ್ಲಿಗೇ ನಿಲ್ಲಿಸಿದರು. ದೊಡ್ಡವರು, ಮಾತಿನಲ್ಲಿ ನಯ ಗೊತ್ತಿದ್ದವರು. ಬೀದಿಯವರಿಗೆ ಅಷ್ಟು ನಯವಿರಲಿಲ್ಲ, ನಕ್ಕರು.

"ಗಾಡಿ ತಿರುಗಿ ಬರೋದ್ರೊಳಗೆ ಅದನ್ನೆಲ್ಲ ಬಿಡಿಸಿ ಡಬ್ಬಿಗೆ ಹಾಕಿ ಮೇಷ್ಟ್ರೇ. ಇನ್ಮೇಲೆ ದಪ್ಪ ಚೂರು ಶಾಲೆಗೆ ಒಯ್ದು ಬೋರ್ಡ್ ಒರೆಸೋಕೆ ಇಟ್ಕೊಳ್ಳಿ. ಗಾಡಿ ಬರೋ ದಿನ ಬೆಳಿಗ್ಗೆ ಎದ್ದು ಡಬ್ಬಿ ಕೆದಕಿ ಸಡಿಲ ಮಾಡೋ ಕೆಲಸವೂ ನಿಮ್ಮದೇ. ಛತ್ರಿ ಹೇಗೂ ಇದೆಯಲ್ಲ."

ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ನಾನೇ ಕಲ್ಲು ಮಾಡಿದ್ದನ್ನು ನಾನೇ ಚೂರು ಚೂರಾಗಿ ಕಿತ್ತೆ. ದರ್ಜಿಯವರು ಕೇಳದೆಯೇ ಪಕ್ಕದಲ್ಲಿ ಕೂತು ಕೈ ಜೋಡಿಸಿದರು. ಗಾಡಿ ಬಂತು, ಮುಚ್ಚಳ ಮುಚ್ಚಿತು, ಕಸ ಧಬಧಬ ಬಿತ್ತು. ಅಷ್ಟು ಇಂಪಾದ ಸದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕ್ಷಮೆ ಕೇಳಬೇಕೆಂದು ಅವರ ಕಡೆ ತಿರುಗಿದೆ. ಮಾತು ಹೊರಡುವ ಮೊದಲೇ ಅವರು ತಗ್ಗಿದ ದನಿಯಲ್ಲಿ, "ಮೇಷ್ಟ್ರೇ, ಒಳಗೆ ಬನ್ನಿ. ನಿನ್ನೆ ಸಂಜೆಯಿಂದ ನಿಮ್ಮ ಪ್ಯಾಂಟು ಹಿಂದೆ ಹರಿದಿದೆ" ಎಂದರು.

ಇಡೀ ಬೀದಿಯ ಎದುರು, ಬೆನ್ನು ತಿರುಗಿಸಿ, ಹಲಗೆ ಎತ್ತಿ ಹಿಡಿದು, ಓದಿಕೊಳ್ಳಿ ಎಂದಿದ್ದೆ.

ಅವರ ಅಂಗಡಿ ಕೋಣೆಯಲ್ಲಿ ಪಂಚೆ ಸುತ್ತಿಕೊಂಡು ಕೂತೆ. ಅವರು ಪ್ಯಾಂಟಿಗೆ ಹೊಂದುವ ಬಟ್ಟೆ ಹುಡುಕಿ, ತೇಪೆ ಕತ್ತರಿಸಿ, ಯಂತ್ರದ ಕೆಳಗೆ ಕೊಟ್ಟರು. ಕೆಲಸ ಮುಗಿದ ಮೇಲೆ ತೇಪೆಯ ಅಂಚಿನಿಂದ ಹೆಬ್ಬೆರಳಷ್ಟು ಅಗಲದ ಒಂದು ಚೂರು ಉಳಿಯಿತು. ಅದನ್ನು ಎರಡು ಬೆರಳಲ್ಲಿ ಹಿಡಿದು, ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ ಕೇಳಿದರು:

"ಇದನ್ನ ಯಾವ ಕಡೆ ಹಾಕ್ಲಿ ಮೇಷ್ಟ್ರೇ?"

ನಾನು ಕೈ ಚಾಚಿ ಇಸಿದುಕೊಂಡು, ಅಂಗಿಯ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.