ಮಿಲಾನಿನಲ್ಲಿ ಗಂಡನ ಹೆಸರು ಕರೆದದ್ದು

ನಮ್ಮನೆಯವರು ನನ್ನನ್ನು ಮೆಚ್ಚಿ ಮದುವೆಯಾದರು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ಮೆಚ್ಚಿದ್ದು ನಮ್ಮ ತವರಿನ ಮಣೆಯನ್ನು. ಹೊಸನಗರದ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರು ನಾನು ಕಾಫಿ ತಂದಿಟ್ಟರೂ ತಲೆ ಎತ್ತಲಿಲ್ಲ. ಕೂತ ಮಣೆಯ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು, ಆ ಉಗುರನ್ನು ಮೂಗಿಗೆ ಹಿಡಿದು, "ಹಲಸು. ಅರವತ್ತು ವರ್ಷದ ಮೇಲಾಗಿದೆ" ಎಂದರು. ನನ್ನೆದುರು ಅವರು ಆಡಿದ ಮೊದಲ ಮಾತು ಅದು. ನನಗಾಗ ಹದಿನೆಂಟು. ಒಂದು ಗಳಿಗೆ ನನ್ನ ವಯಸ್ಸನ್ನೇ ಅಂದಾಜು ಮಾಡಿದರೇನೋ ಎಂದು ಗಾಬರಿಯಾಯಿತು.

ಅವರ ಹೆಸರೇ? ಅದೊಂದನ್ನು ಮಾತ್ರ ಕೇಳಬೇಡಿ. ಹೆಂಡತಿ ಬಾಯಿಬಿಟ್ಟು ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೇಳಿಯೇ ಅಮ್ಮ ನನ್ನನ್ನು ಸಾಗರದ ಗಂಡನ ಮನೆಗೆ ಕಳಿಸಿದ್ದಳು. ನಾನು ಎಂಟನೇ ಕ್ಲಾಸು ಪಾಸಾದವಳು, ಇಂಥದ್ದನ್ನೆಲ್ಲ ಪೂರಾ ನಂಬುವವಳಲ್ಲ. ಆದರೆ ಪರೀಕ್ಷೆ ಮಾಡಿ ನೋಡೋಣವೆಂದರೆ ನನಗಿದ್ದದ್ದು ಒಬ್ಬರೇ ಗಂಡ!

ಹಾಗಾಗಿ ಅವರು ಕೆಲಸದ ಕೋಣೆಯಲ್ಲಿದ್ದರೆ ನಾನು ಹೊರಗೆ ನಿಂತು ಬಳೆ ಸದ್ದು ಮಾಡುತ್ತಿದ್ದೆ. ಅದು ಕೇಳದಿದ್ದರೆ ತಟ್ಟೆ ಬೀಳಿಸುತ್ತಿದ್ದೆ. ಅದಕ್ಕೂ ಜಗ್ಗದಿದ್ದರೆ ಬಾಗಿಲಲ್ಲಿ ನಿಂತು "ಕೇಳಿದ್ರಾ" ಎನ್ನುತ್ತಿದ್ದೆ. ನಮ್ಮ ಬೀದಿಯ ಹೆಂಗಸರೆಲ್ಲ ಗಂಡಂದಿರನ್ನು ಕರೆಯುತ್ತಿದ್ದದ್ದು ಹಾಗೆಯೇ ಆದ್ದರಿಂದ ನಾಲ್ಕು ಮನೆಯ ಗಂಡಸರು ಹೊರಗೆ ಬರುತ್ತಿದ್ದರು, ನಮ್ಮವರೊಬ್ಬರನ್ನು ಬಿಟ್ಟು. ಅತ್ತೆಯೊಬ್ಬರೇ ಅಡಿಗೆಮನೆಯಿಂದ ಹೆಸರು ಹಿಡಿದು ಕೂಗುತ್ತಿದ್ದವರು. ಆಗಲೂ ಮೊದಲನೇ ಕೂಗಿಗೆ ಇವರು ಏಳುತ್ತಿರಲಿಲ್ಲ. ಎರಡನೇ ಕೂಗಿಗೆ ಉಳಿ ಬಿಟ್ಟು ಓಡಿ ಬರುತ್ತಿದ್ದರು. ನಮ್ಮ ಮದುವೆಯಾದ ಮೂರನೇ ವರ್ಷ ಅತ್ತೆ ತೀರಿಕೊಂಡರು. ಆಮೇಲೆ ಊರಿಗೆಲ್ಲ ಇವರು ಬರೀ 'ಮೇಸ್ತ್ರಿ' ಆದರು.

ಇವರದು ಗಂಧದ ಕೆತ್ತನೆ. ಅಂಗೈಯಗಲದ ಪೆಟ್ಟಿಗೆಯ ಮೇಲೆ ಒಂದು ಕಾಡನ್ನೇ ಕೂರಿಸಿಬಿಡುತ್ತಿದ್ದರು. ಅರವತ್ತರ ದಶಕದ ನಡುವೆ ಒಂದು ದಿನ ಬೆಂಗಳೂರಿನಿಂದ ಅಧಿಕಾರಿಯೊಬ್ಬರು ಮನೆಗೆ ಬಂದರು. ಇಟಲಿ ದೇಶದ ಮಿಲಾನ್ ಎಂಬ ಊರಿನಲ್ಲಿ ದೊಡ್ಡ ಮೇಳವಂತೆ, ಅಲ್ಲಿ ಜನರೆದುರು ಕೂತು ಕೆತ್ತಿ ತೋರಿಸಬೇಕಂತೆ. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಇವರು ಕೇಳಿದ್ದು, "ಅಲ್ಲಿ ಎಂತೆಂತ ಮರ ಬೆಳೀತದೆ?"

ಅಧಿಕಾರಿಗಳಿಗೆ ಅದು ಗೊತ್ತಿರಲಿಲ್ಲ. ಇವರು ಬಾಗಿಲ ಕಡೆ ಕೈ ತೋರಿಸಿ, "ಇವ್ಳು ಬರ್ದಿದ್ರೆ ನಾನೂ ಬರೂದಿಲ್ಲ" ಎಂದರು. ಬಾಗಿಲ ಹಿಂದೆ ನಿಂತಿದ್ದ ನನ್ನ ಮುಖ ಕೆಂಪಾಯಿತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಕೊನೆಗೂ ಒಂದು ಮಾತು!

"ಉಳಿ ಸಾಣೆ ಹಿಡಿಯೋದು ಇವ್ಳೇ. ನನ್ಗೆ ಆ ಹದ ಬರೂದಿಲ್ಲ" ಎಂದು ಮಾತು ಮುಗಿಸಿದರು. ನನ್ನ ಮುಖ ಮೊದಲಿನ ಬಣ್ಣಕ್ಕೆ ಬಂತು.

ಪಾಸ್‌ಪೋರ್ಟಿನ ಅರ್ಜಿ ಬರೆಸಲು ತೀರ್ಥಹಳ್ಳಿಯಲ್ಲಿ ಕಚೇರಿ ಗುಮಾಸ್ತರಾಗಿದ್ದ ಪರಿಚಯದವರ ಬಳಿ ಹೋದೆವು. ಅವರು ಕನ್ನಡಕದೊಳಗಿಂದ ನನ್ನನ್ನು ನೋಡಿ, "ಗಂಡನ ಹೆಸರೇನಮ್ಮ?" ಎಂದರು. ನಾನು ಇವರ ಕಡೆ ನೋಡಿದೆ. ಇವರು ಗುಮಾಸ್ತರ ಮೇಜಿನ ಕಾಲು ಕೆರೆದು ಮೂಸುತ್ತಿದ್ದರು.

"ಹೊನ್ನೆ" ಎಂದರು ಮೇಲೆದ್ದು.

ಗುಮಾಸ್ತರು ಬರೆದುಕೊಂಡು, "ಇನಿಷಿಯಲ್ಲು?" ಎಂದು ಕೇಳಿದರು.

ಸಾಗರದಿಂದ ರೈಲು ಹತ್ತಿದೆವು. ಬೀರೂರಿನಲ್ಲಿ ಗಾಡಿ ಬದಲಿಸಿ ಕೂತದ್ದೇ ತಡ, ಇವರು ಮಾಯ! ಕಿಟಕಿಯಿಂದ ಇಣುಕಿದರೆ, ದೂರದ ಹಳಿಯಲ್ಲಿ ನಿಂತ ಮರದ ದಿಮ್ಮಿಯ ವ್ಯಾಗನ್ನಿನ ಪಕ್ಕ ದನ ಕೊಳ್ಳಲು ಬಂದವರ ಹಾಗೆ ದಿಮ್ಮಿಗಳ ಮೈ ಸವರುತ್ತ ನಿಂತಿದ್ದಾರೆ. ಇತ್ತ ಗಾರ್ಡು ಶೀಟಿ ಊದಿದ. ನಾನು "ಕೇಳಿದ್ರಾ, ಕೇಳಿದ್ರಾ" ಎಂದು ಕೂಗಿದೆ. ಪ್ಲಾಟ್‌ಫಾರ್ಮಿನಲ್ಲಿದ್ದ ಗಂಡಸರೆಲ್ಲ ತಿರುಗಿದರು. ಕೊನೆಗೆ ನಮ್ಮ ಜೊತೆಗಿದ್ದ ಅಧಿಕಾರಿಯೇ ಪಂಚೆ ಎತ್ತಿಕಟ್ಟಿ ಓಡಿ ಇವರನ್ನು ಎಳೆದು ತಂದರು. ಆವತ್ತಿನಿಂದ ನನಗೆ ಒಂದೇ ಚಿಂತೆ ಹಿಡಿಯಿತು. ಬೀರೂರಿನಲ್ಲೇ ಹೀಗಾದರೆ ಗುರುತು ಪರಿಚಯವಿಲ್ಲದ ಊರಿನಲ್ಲಿ ಇವರು ತಪ್ಪಿಸಿಕೊಂಡರೆ ನಾನು ಏನೆಂದು ಕರೆಯಲಿ?

ಮುಂಬಯಿಯಲ್ಲಿ ಹಡಗು ಹತ್ತಿದ ಮೇಲೆ ಸ್ವಲ್ಪ ನೆಮ್ಮದಿಯಾಯಿತು. ಸುತ್ತ ನೀರು, ಎಲ್ಲಿಗೆ ಹೋಗಿಯಾರು? ಆದರೆ ನನಗೆ ಎರಡನೇ ದಿನದಿಂದಲೇ ಹೊಟ್ಟೆ ತೊಳೆಸತೊಡಗಿ ಉಪ್ಪಿನಕಾಯಿ ಮೂಸುತ್ತ ಮಲಗಿದೆ. ಇವರು ಹಾಸಿಗೆಯ ಪಕ್ಕ ಕೂತು, "ಸಮುದ್ರ ನೋಡ್ಬೇಡ. ಈ ಹಲಗೆ ನೋಡು. ಸಾಗುವಾನಿ, ಭಾರೀ ಗಟ್ಟಿ" ಎಂದು ಧೈರ್ಯ ಹೇಳಿದರು. ಅಲ್ಲಾಡುತ್ತಿದ್ದದ್ದು ಆ ಹಲಗೆಯೇ ಎಂದು ಹೇಳಲು ನನಗೆ ಬಾಯಿ ತೆರೆಯುವ ಧೈರ್ಯವಿರಲಿಲ್ಲ.

ಹಡಗಿನ ಮೇಲಟ್ಟದಲ್ಲಿ ಒಬ್ಬ ಬಿಳಿಯ ಖಲಾಸಿ ದಿನಾ ಹಲಗೆ ತಿಕ್ಕುತ್ತಿದ್ದ. ಅಡ್ಡಡ್ಡ ತಿಕ್ಕುತ್ತಾನೆಂದು ಇವರಿಗೆ ಸಂಕಟ. ಮರದ ಎಳೆ ಹೋದ ಹಾಗೇ ಬ್ರಷ್ಷೂ ಹೋಗಬೇಕೆಂದು ಕೈಸನ್ನೆಯಲ್ಲೇ ಪಾಠ ಹೇಳಿದರು. ಏಡನ್ ಬರುವ ಹೊತ್ತಿಗೆ ಇಬ್ಬರೂ ಮಂಡಿಯೂರಿ ಕೂತು ಜೊತೆಯಲ್ಲೇ ತಿಕ್ಕುತ್ತಿದ್ದರು. ಸುಯೆಜ್ ಕಾಲುವೆ ನೋಡಲು ಹಡಗಿಗೆ ಹಡಗೇ ಕಟಕಟೆಗೆ ಬಂದು ನಿಂತಾಗ ಇವರು ನೋಡಿದ್ದು ಕಟಕಟೆಯನ್ನು.

ಜಿನೋವಾದಲ್ಲಿ ಇಳಿದು, ರೈಲು ಹಿಡಿದು ಮಿಲಾನ್ ಸೇರುವಷ್ಟರಲ್ಲಿ ಅಧಿಕಾರಿಗಳಿಗೆ ನೆಗಡಿ ಜ್ವರ. ಮರುದಿನ ಬೆಳಿಗ್ಗೆ ಅವರು ಹೊದ್ದು ಮಲಗಿದಲ್ಲಿಂದಲೇ ಹೋಟೆಲಿನ ವಿಳಾಸದ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ನಾಳೆ ಮೇಳ ಶುರು. ಇವತ್ತು ಊರು ನೋಡಿ ಬನ್ನಿ. ಮೇಸ್ತ್ರೀನ ಜೋಪಾನವಾಗಿ ವಾಪಸ್ ಕರ್ಕೊಂಡು ಬನ್ನಿ" ಎಂದರು. ನನ್ನ ಜೋಪಾನದ ಮಾತು ಅವರು ಎತ್ತಲೇ ಇಲ್ಲ.

ಸೀರೆಯ ಮೇಲೆ ಇವರ ಹಳೆಯ ಉಣ್ಣೆ ಕೋಟು ತೊಟ್ಟು ನಾನು ಹೊರಟೆ. ಇವರು ಕರಿ ಟೋಪಿ, ಮಫ್ಲರು. ಊರ ನಡುವಿನ ದೊಡ್ಡ ಚರ್ಚಿನ ಬಾಗಿಲಿಗೆ ಬಂದಕೂಡಲೇ ಇವರು ದೇವಸ್ಥಾನದ ಮುಂದೆ ನಿಂತ ಹಾಗೆ ಬೂಟು ಬಿಚ್ಚಿದರು. ಹೊರಗೆ ಬಿಟ್ಟರೆ ಯಾರಾದರೂ ಮೆಟ್ಟಿಕೊಂಡು ಹೋದಾರೆಂದು ಕಂಕುಳಲ್ಲಿ ಇಟ್ಟುಕೊಂಡರು. ಒಳಗೆ ಬೆಂಚಿನ ಮೇಲೆ ಕೂತು, ಮುಂದಿನ ಬೆಂಚಿನ ಬೆನ್ನಿಗೆ ಮೂಗು ತಾಗಿಸಿ ಕಣ್ಣು ಮುಚ್ಚಿದರು. ಪಕ್ಕದಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಮುದುಕಿಯೊಬ್ಬಳು ಇವರ ಭಕ್ತಿ ನೋಡಿ ಕರಗಿಹೋಗಿ, ತನ್ನ ಕೈಲಿದ್ದ ಮೇಣದ ಬತ್ತಿಯನ್ನೇ ಕೊಟ್ಟುಬಿಟ್ಟಳು. ಇವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಕಿವಿಯಲ್ಲಿ, "ಅಕ್ರೋಟು" ಎಂದರು.

ಊರು ಸುತ್ತೋಣವೆಂದು ಟ್ರಾಮು ಹತ್ತಿದೆವು. ಉದ್ದಕ್ಕೂ ಮರದ ಬೆಂಚುಗಳು, ಎಷ್ಟೋ ವರ್ಷ ಜನ ಕೂತು ಕೂತು ಕನ್ನಡಿಯಷ್ಟು ನುಣುಪಾಗಿದ್ದವು. ಇವರು ಕೆರೆದರು, ಮೂಸಿದರು. ಇನ್ನೊಂದು ಕಡೆ ಕೆರೆದು ಮೂಸಿದರು. ಹೊರಗೆ ಮಿಲಾನ್ ಶಹರವೆಲ್ಲ ಹಿಂದೆ ಸರಿಯುತ್ತಿತ್ತು, ನಾನು "ಅಕೋ ಅಲ್ಲಿ ನೋಡಿ" ಎನ್ನುತ್ತಲೇ ಇದ್ದೆ.

"ಗೊತ್ತಾಗ್ಲಿಲ್ವೇ" ಎಂದರು ಕೊನೆಗೆ. ಹನ್ನೊಂದು ವರ್ಷದಲ್ಲಿ ಆ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಪಾಪ ಅನಿಸಿತು.

ಸುತ್ತಿ ಬಂದು ಮತ್ತೆ ಚರ್ಚಿನ ಎದುರಿನ ಚೌಕ ಬಂತು. "ಇಳೀರಿ" ಎಂದು ನಾನು ಇಳಿದು ತಿರುಗಿ ನೋಡುತ್ತೇನೆ, ಟ್ರಾಮು ಹೊರಟೇ ಹೋಯಿತು. ಕಿಟಕಿಯಲ್ಲಿ ಇವರ ಟೋಪಿ ಮಾತ್ರ ಕಂಡಿತು. ಟೋಪಿಯ ಕೆಳಗಿನ ಮೂಗು ಬೆಂಚಿಗೆ ಅಂಟಿಕೊಂಡಿತ್ತು.

ಹಿಂದಿನಿಂದ ಒಂದು ಟ್ರಾಮು ಬಂತು, ಇನ್ನೊಂದು ಬಂತು, ಆರು ಬಂದವು. ಇವರು ಬರಲಿಲ್ಲ. ವಿಳಾಸದ ಚೀಟಿ ನನ್ನ ಹತ್ತಿರ. ಅವರಿಗೆ ಹೋಟೆಲಿನ ಹೆಸರೂ ಗೊತ್ತಿಲ್ಲ, ಅಲ್ಲಿನ ಭಾಷೆಯಂತೂ ಒಂದಕ್ಷರ ಬಾರದು. ನಾಳಿನ ಮೇಳ ನನಗೆ ಮರೆತೇಹೋಯಿತು. ಈ ಮನುಷ್ಯ ಸಿಗದಿದ್ದರೆ ನಾನು ಸಾಗರಕ್ಕೆ ಯಾವ ಮುಖ ಹೊತ್ತು ಹೋಗಲಿ, ಹೋಗಿ ಯಾರಿಗೆ ಸಾಣೆ ಹಿಡಿಯಲಿ ಎಂದು ಅಳು ಬಂತು. ಕೈ ಎತ್ತಿ ಬಳೆ ಸದ್ದು ಮಾಡಿದೆ. ನಗಬೇಡಿ, ನಿಜವಾಗಿ ಮಾಡಿದೆ. "ಕೇಳಿದ್ರಾ" ಎಂದು ಕೂಗಿದೆ. ಸಾಗರದಲ್ಲಾದರೆ ನಾಲ್ಕು ಗಂಡಸರು ಬರುತ್ತಿದ್ದರು. ಇಲ್ಲಿ ಒಬ್ಬನೂ ತಿರುಗಲಿಲ್ಲ.

ಆಗ ಚೌಕದ ಆಚೆ ತುದಿಯಲ್ಲಿ, ಕಂಬಗಳ ಸಾಲಿನ ಹತ್ತಿರ ಕರಿ ಟೋಪಿ ಕಂಡಿತು. ಮುಂದೆಲ್ಲೋ ಇಳಿದು ನಡೆದು ಬಂದಿರಬೇಕು. ಬೆನ್ನು ಈ ಕಡೆಗಿತ್ತು. ಜನರ ನಡುವೆ ತಪ್ಪು ದಿಕ್ಕಿಗೆ ಬೇಗಬೇಗ ಹೋಗುತ್ತಿತ್ತು. ಇನ್ನು ಹತ್ತು ಹೆಜ್ಜೆಯಾದರೆ ಮೂಲೆ ತಿರುಗಿ ಮರೆಯಾಗುತ್ತಿತ್ತು, ಓಡಿ ಹಿಡಿಯುವ ದೂರವಲ್ಲ. ಹೆಸರು ಹೇಳಿದರೆ ಆಯಸ್ಸು ಎಷ್ಟು ಕಡಿಮೆಯಾಗುತ್ತದೆ? ಒಂದು ದಿನವೇ, ಒಂದು ವರ್ಷವೇ? ಅಮ್ಮ ಅದನ್ನು ಹೇಳಿರಲಿಲ್ಲ. ನಾನು ಕಣ್ಣು ಮುಚ್ಚಿ, ಅತ್ತೆ ಅಡಿಗೆಮನೆಯಿಂದ ಕೂಗುತ್ತಿದ್ದ ಹಾಗೇ ಗಂಟಲೆತ್ತಿ ಹೆಸರು ಹಿಡಿದು ಕೂಗಿದೆ.

ಚೌಕದ ಪಾರಿವಾಳಗಳೆಲ್ಲ ಮೇಲೆದ್ದವು. ಟೋಪಿ ನಿಂತಿತು. ನಿಂತಿತು, ಆದರೆ ತಿರುಗಲಿಲ್ಲ. ಇನ್ನೂ ಜೋರಾಗಿ ಇನ್ನೊಂದು ಸಲ ಕೂಗಿದೆ. ಆಗ ತಿರುಗಿ, ಮಫ್ಲರು ಹಾರಿಸಿಕೊಂಡು ಓಡಿಯೇ ಬಂದರು.

"ಕಿವಿ ಕೇಳೂದಿಲ್ವಾ ನಿಮ್ಗೆ?" ಎಂದೆ. ಅಳು, ಸಿಟ್ಟು ಎಲ್ಲ ಒಟ್ಟಿಗೇ ಬಂತು.

"ಮೊದಲ್ನೇ ಸಲಕ್ಕೇ ಕೇಳ್ತು."

"ಮತ್ತೆಂತಕ್ಕೆ ತಿರುಗ್ಲಿಲ್ಲ?"

ಅವರು ತಮ್ಮ ಹೆಬ್ಬೆರಳಿನ ಉಗುರು ನೋಡಿಕೊಂಡರು. "ಅಮ್ಮ ಹೋದ್ಮೇಲೆ ಯಾರೂ ಹಾಂಗೆ ಕರ್ದಿರ್ಲಿಲ್ಲ. ಇನ್ನೊಂದ್ಸಲ ಕರೀತೀಯೇನೋ ಅಂತ ನಿಂತೆ."

"ಆಯಸ್ಸು ಕಡ್ಮೆ ಆಗ್ತದಂತೆ" ಎಂದೆ.

"ಎರಡು ಕೂಗಿಗೆ ಎಷ್ಟು ಮಹಾ ಹೋಗ್ತದೆ" ಎಂದು ನನ್ನ ಕೋಟಿನ ತೋಳು ಹಿಡಿದುಕೊಂಡರು. ಹೋಟೆಲು ಮುಟ್ಟುವವರೆಗೆ ಬಿಡಲಿಲ್ಲ.

ಮೇಳ ಚೆನ್ನಾಗಿ ನಡೆಯಿತು. ಕೆತ್ತನೆ ನೋಡಲು ಬಂದವರನ್ನೆಲ್ಲ ಇವರು ಟ್ರಾಮಿನ ಬೆಂಚಿನ ಮರ ಯಾವುದೆಂದು ಸನ್ನೆಯಲ್ಲೇ ಕೇಳಿದರು, ಯಾರಿಗೂ ತಿಳಿಯಲಿಲ್ಲ. ಊರಿಗೆ ಬಂದ ಮೇಲೆ ನಾನು ಮತ್ತೆ ಬಳೆ, ತಟ್ಟೆ, 'ಕೇಳಿದ್ರಾ'ಗೆ ಮರಳಿದೆ. ಅವರೂ ಹೆಸರು ಹಿಡಿದು ಕರೆ ಎಂದು ಎಂದೂ ಕೇಳಲಿಲ್ಲ. ನಾನೇ ಕರೆಯಬಹುದಿತ್ತು ಎಂದು ಈಗ ಅನಿಸುತ್ತದೆ.

ಅವರು ಎಂಬತ್ತೊಂದು ವರ್ಷ ಬದುಕಿದರು. ಕೊನೆಯ ದಿನ ಬೆಳಿಗ್ಗೆ ಮಕ್ಕಳನ್ನೆಲ್ಲ ಕಾಫಿ ಕುಡಿಯಲು ಕಳಿಸಿ, ಬಾಗಿಲು ಮುಂದಕ್ಕೆ ಮಾಡಿ, ಅವರ ಕಿವಿಯ ಹತ್ತಿರ ಬಗ್ಗಿ ಹೆಸರು ಹಿಡಿದು ಕರೆದೆ. ಅವರು ಮಿಸುಕಲಿಲ್ಲ. ಮೊದಲನೇ ಸಲಕ್ಕೇ ಕೇಳಿಸಿರುತ್ತದೆ, ಕಾಯುತ್ತಿದ್ದಾರೆ ಎಂದುಕೊಂಡು ಇನ್ನೊಂದು ಸಲ ಕರೆದೆ.