ಹೊಗೆಯಿಲ್ಲದ ಒಲೆಯೂ ನನ್ನ ವ್ಯಕ್ತಿತ್ವ ವಿಕಾಸವೂ

ವ್ಯಕ್ತಿತ್ವ ವಿಕಾಸವಾದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಬದನೆಕಾಯಿ ವಿಕಾಸವಾದರೆ ಗಿಡದಲ್ಲಿ ಕಾಣುತ್ತದೆ, ಎಮ್ಮೆಗರು ವಿಕಾಸವಾದರೆ ಕೊರಳ ಹಗ್ಗ ಬಿಗಿಯಾಗುತ್ತದೆ. ಮನುಷ್ಯನ ವ್ಯಕ್ತಿತ್ವ ವಿಕಾಸವಾದದ್ದು ಮಾತ್ರ ಅವನೇ ಬಾಯಿಬಿಟ್ಟು ಹೇಳುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಫಿರ್ಯಾದಿಯೇ ಸಾಕ್ಷಿ, ಸಾಕ್ಷಿಯೇ ನ್ಯಾಯಾಧೀಶ. ಇಂಥ ಮೊಕದ್ದಮೆಯನ್ನು ನಂಬುವಷ್ಟು ದಡ್ಡ ನಾನಲ್ಲ. ಆದರೂ ಹೇಳಿಬಿಡುತ್ತೇನೆ, ಹೋದ ಬೇಸಿಗೆಯಲ್ಲಿ ನನ್ನ ವ್ಯಕ್ತಿತ್ವವೂ ವಿಕಾಸವಾಗಿದೆ. ಹಾಗೆಂದು ಸಹಿ ಶಿಕ್ಕಾ ಬಿದ್ದ ಕಾಗದವೊಂದು ನನ್ನ ಟ್ರಂಕಿನಲ್ಲಿದೆ. ಇಲ್ಲವೆಂದು ವಾದಿಸಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ. ಅದೇ ನನ್ನ ದುಃಖ.

ಇದರ ಮೂಲ ನಮ್ಮ ಪ್ರಾಚಾರ್ಯರು. ಅವರು ಬೆಂಗಳೂರಿನ ಯಾವುದೋ ವಿಚಾರ ಸಂಕಿರಣಕ್ಕೆ ಹೋಗಿ ಬರುವಾಗ ಒಂದು ರೆಕ್ಸಿನ್ ಚೀಲವನ್ನೂ ಒಂದು ಶಬ್ದವನ್ನೂ ತಂದರು. ಚೀಲದ ಝಿಪ್ಪು ಬೇಗ ಕಿತ್ತುಹೋಯಿತು, ಶಬ್ದ ಉಳಿದುಕೊಂಡಿತು. ಆ ಶಬ್ದ ‘ಸಂವಹನ’. ಅಲ್ಲಿಯವರೆಗೆ ಬಾಗಲಕೋಟೆಯಲ್ಲಿ ಜನ ಮಾತಾಡುತ್ತಿದ್ದರು, ಬೈಯುತ್ತಿದ್ದರು, ಓಣಿಯ ಈ ತುದಿಯಿಂದ ಆ ತುದಿಗೆ ಕೂಗುತ್ತಿದ್ದರು; ಸಂವಹನ ಮಾತ್ರ ಮಾಡುತ್ತಿರಲಿಲ್ಲ. ಈ ಕೊರತೆ ನೀಗಲೆಂದು, ಬಿ.ಎ. ಕೊನೆಯ ವರ್ಷಕ್ಕೆ ಕಾಲಿಡುವವರೆಲ್ಲ ಬೇಸಿಗೆಯ ಸೂಟಿಯಲ್ಲಿ ಒಂದೊಂದು ಕಚೇರಿಗೆ ಹೋಗಿ ಸಂವಹನದ ಉಮೇದುವಾರಿ ಮಾಡತಕ್ಕದ್ದು ಎಂದು ನೋಟೀಸು ಹಚ್ಚಿದರು. ಉಮೇದುವಾರಿ ಎಂದರೆ ಪಗಾರವಿಲ್ಲದೆ ಚಾ ತಂದುಕೊಡುವ ನೌಕರಿ. ನನ್ನ ಗೆಳೆಯನೊಬ್ಬ ಛಾಪಖಾನೆಯಲ್ಲಿ ಕೂತು ತಿಂಗಳಿಡೀ ಊರ ಮಂದಿಯ ಲಗ್ನಪತ್ರಿಕೆ ಮಡಚಿದ. ಇನ್ನೊಬ್ಬ ಬಸ್ ಸ್ಟ್ಯಾಂಡಿನ ಮೈಕಿನ ಮುಂದೆ ಕೂತು, ಆಗಲೇ ಹೋಗಿಬಿಟ್ಟ ಬಸ್ಸುಗಳು ಇನ್ನೇನು ಹೊರಡಲಿವೆ ಎಂದು ಸಾರಿದ. ಇಬ್ಬರೂ ವಿಕಾಸ ಹೊಂದಿ ಮರಳಿದರು.

ನಾನು ಈ ನೋಟೀಸನ್ನು ಓದಿ ನಕ್ಕು ಹೋಗುವವನೇ. ಆದರೆ ಅದರ ಬುಡದಲ್ಲಿ ಒಂದು ಸಾಲಿತ್ತು: ‘ತೃಪ್ತಿಕರ’ ಎಂಬ ಷರಾ ಪಡೆಯದವರನ್ನು ಕಾಲೇಜಿನ ಪರವಾಗಿ ಯಾವ ಸ್ಪರ್ಧೆಗೂ ಕಳಿಸಲಾಗುವುದಿಲ್ಲ. ಧಾರವಾಡದ ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ಹೋಗಬೇಕೆಂಬುದು ನಾನು ಪಿ.ಯು.ಸಿ.ಯಿಂದ ಸಾಕಿಕೊಂಡು ಬಂದ ಹಟ. ನಾನು ಹೋಗದಿದ್ದರೆ ಹೋಗುವವನು ಯಾರೆಂದು ಗೊತ್ತಿತ್ತು. ಮಾತಿನ ನಡುವೆ ಮರೆತಾಗಲೆಲ್ಲ ಕಣ್ಣುಮುಚ್ಚಿ ಶರಣರನ್ನು ನೆನೆಯುವ ಮಹಾಶಯ ಅವನು. ಸಭಿಕರು ಅದನ್ನು ಭಕ್ತಿಯೆಂದು ತಿಳಿದು ಚಪ್ಪಾಳೆ ತಟ್ಟುತ್ತಿದ್ದರು. ಅಂಥವನ ಕೈಗೆ ಧಾರವಾಡವನ್ನು ಒಪ್ಪಿಸುವುದು ಸಾಧ್ಯವಿರಲಿಲ್ಲ. ನನ್ನ ಯೋಗ್ಯತೆಯೇನು ಸಣ್ಣದೇ? ‘ವಿಜ್ಞಾನ ವರವೋ ಶಾಪವೋ’ ಎಂಬ ವಿಷಯದ ಮೇಲೆ ಹುನಗುಂದದಲ್ಲಿ ವರವೆಂದು ವಾದಿಸಿ ಒಂದು ಢಾಲು ಗೆದ್ದಿದ್ದೆ, ಬಾದಾಮಿಯಲ್ಲಿ ಶಾಪವೆಂದು ವಾದಿಸಿ ಇನ್ನೊಂದು. ಎರಡೂ ಇಳಕಲ್ಲಿನ ನಮ್ಮ ಮನೆಯ ಒಂದೇ ಗೂಡಿನಲ್ಲಿ ತಂಟೆ ತಕರಾರಿಲ್ಲದೆ ಕೂತಿವೆ. ಮನೆಯಲ್ಲೂ ನಾನು ಅಭ್ಯಾಸ ಬಿಟ್ಟವನಲ್ಲ. ಅವ್ವ “ಹಾಲು ಉಕ್ಕಾಕತ್ತೈತಿ ನೋಡೋ ಶಿವ್ಯಾ” ಎಂದರೆ “ಅದಕ್ಕ ಆಧಾರ ಏನು?” ಎಂದು ಕೇಳಿ, ಆಧಾರ ಸಿಗುವಷ್ಟರಲ್ಲಿ ಹಾಲನ್ನು ಒಲೆಗೆ ಕುಡಿಸಿದ ಕೀರ್ತಿ ನನ್ನದು.

ನನ್ನನ್ನು ಕಳಿಸಿದ್ದು ಹೊಗೆಯಿಲ್ಲದ ಒಲೆಯ ಪ್ರಚಾರ ಮಾಡುವ ಒಂದು ಕಚೇರಿಗೆ. ಅಲ್ಲಿ ಇದ್ದದ್ದು ಒಂದು ಜೀಪು, ಅದರ ತಲೆಯ ಮೇಲೊಂದು ಧ್ವನಿವರ್ಧಕ, ಹಿಂದೊಂದು ಮಾದರಿ ಒಲೆ. ಒಲೆಗೆ ಕಟ್ಟಿಗೆ ಹಾಕಲು ಮುಚ್ಚಳವಿದ್ದ ಒಂದು ಸಣ್ಣ ಬಾಯಿ, ಪಾತ್ರೆ ಇಡಲು ಮೇಲೆರಡು ತೂತು, ಹೊಗೆ ಹೋಗಲು ತಗಡಿನ ಕೊಳವೆ. ಅಧಿಕಾರಿ ರಾಮಸ್ವಾಮಿಯವರು ಮಂಡ್ಯದ ಕಡೆಯವರು. ಒಳ್ಳೆಯವರು, ಅನ್ನ ಕಂಡಾಗ ಇನ್ನೂ ಒಳ್ಳೆಯವರು. ಕೆರೂರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದೊಡನೆ ಅವರ ಮುಖ ಇಳಿಯುತ್ತಿತ್ತು. “ಅನ್ನ ಸಾರು ಏನಾದ್ರೂ ಸಿಗುತ್ತೇನ್ರೀ?” ಎಂದು ಕೇಳಿ, ಕೊನೆಗೆ ಬರುವ ಮುಷ್ಟಿ ಅನ್ನಕ್ಕಾಗಿ ಕಾಯುತ್ತ ಕೂಡುತ್ತಿದ್ದರು. ಮಾದರಿ ಒಲೆಯ ಆ ಎರಡು ತೂತುಗಳಲ್ಲಿ ಒಂದರ ಮೇಲೆ ಅನ್ನ, ಇನ್ನೊಂದರ ಮೇಲೆ ಸಾರು ಬೇಯುವುದನ್ನು ವರ್ಣಿಸುವಾಗ ಮಾತ್ರ ಅವರ ದನಿ ಗದ್ಗದವಾಗುತ್ತಿತ್ತು. ಜೀಪು ನಡೆಸುವವನು ಹುನಗುಂದದ ದಾವಲಸಾಬ, ಹಲ್ಲಿನ ಸಂದಿಯಲ್ಲಿ ಸದಾ ಅಡಿಕೆ ಚೂರಿಟ್ಟುಕೊಂಡವ. ಸಾಹೇಬರು ಮೈಕು ಹಿಡಿದು, “ಬಂಧುಗಳೇ, ನಾವೆಲ್ಲ ಇಪ್ಪತ್ತೊಂದನೇ ಶತಮಾನಕ್ಕೆ ಹೋಗಬೇಕಾಗಿದೆ” ಎಂದು ಶುರು ಮಾಡಿದರೆ, ದಾವಲಸಾಬ ಮೆಲ್ಲಗೆ ನನ್ನ ಕಡೆ ವಾಲಿ, “ಡೀಸೆಲ್ ಕೆರೂರ ಮಟ ಅಷ್ಟಽ ಐತ್ರಿ ತಮ್ಮಾರ” ಎನ್ನುತ್ತಿದ್ದ.

ಮೊದಲ ಭಾಷಣಕ್ಕೆ ನಾನು ನಿಂತದ್ದು ಚೊಳಚಗುಡ್ಡದಲ್ಲಿ. ಬೇವಿನ ನೆರಳಿಗೆ ಜೀಪು ನಿಲ್ಲಿಸಿದೆವು. ಹತ್ತಿಪ್ಪತ್ತು ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು ಕೂತರು. ನಾನು ಹೊಗೆಯಿಂದ ಕಣ್ಣಿಗೆ, ಕಣ್ಣಿನಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಕಾಡಿಗೆ, ಕಾಡಿನಿಂದ ಮಳೆಗೆ, ಮಳೆಯಿಂದ ದೇಶದ ಭವಿಷ್ಯಕ್ಕೆ ಏರಿ, ಧಾರವಾಡದ ತೀರ್ಪುಗಾರರು ಎದುರಿಗಿದ್ದಾರೆಂದೇ ತಿಳಿದು ಕೈ ಬೀಸಿದೆ. ಮುಂದೆ ಕೂತಿದ್ದ ಅಜ್ಜಿಯೊಬ್ಬಳು, “ಎಲ್ಲಾ ಚಲೋ ಹೇಳಿದಿ ತಮ್ಮಾ. ಆದ್ರ ರೊಟ್ಟಿ...” ಎಂದು ಬಾಯಿ ತೆರೆದಳು. ಎದುರಾಳಿ ಬಾಯಿ ತೆರೆದಾಗಲೇ ಹಿಡಿಯಬೇಕೆಂಬುದು ಚರ್ಚೆಯ ಮೊದಲ ಪಾಠ. ಹಿಡಿದೆ.

“ರೊಟ್ಟಿ ವಿಷಯ ಇಲ್ಲಿ ಅಪ್ರಸ್ತುತ ಅಜ್ಜಿ. ಪ್ರಶ್ನೆ ಇರೂದು ಹೊಗೀದು. ಹೊಗಿ ಕಣ್ಣಿಗೆ ಕೆಟ್ಟದ್ದು ಹೌದೋ ಅಲ್ಲೋ?”

“ಹೌದಪಾ.”

“ಕೆಟ್ಟದ್ದನ್ನ ಬಿಡಬೇಕೋ ಬ್ಯಾಡೋ?”

“ಬಿಡಬೇಕಪಾ.”

“ಹಂಗಾದ್ರ ಈ ಒಲಿ ಬೇಕೋ ಬ್ಯಾಡೋ?”

“ಬೇಕು ತಮ್ಮಾ, ಯಾಕ ಬ್ಯಾಡ?” ಎಂದು ಅಜ್ಜಿ ಎದ್ದು ಸೀರೆಯ ಮಣ್ಣು ಝಾಡಿಸಿಕೊಂಡಳು. ಪ್ರಚಂಡ ವಿಜಯ. ಸಾಹೇಬರು ‘ಜನರ ಸ್ಪಂದನ ಉತ್ತಮ’ ಎಂದು ಬರೆದುಕೊಂಡರು. ವಾರ ಬಿಟ್ಟು ಒಲೆ ಕಟ್ಟುವ ಗೌಂಡಿಯನ್ನು ಕರೆದುಕೊಂಡು ಅದೇ ಊರಿಗೆ ಹೋದೆವು. ಒಂದು ಮನೆಯಲ್ಲಿ ಮಗಳ ಬಾಣಂತನ ಮುಗಿಯಬೇಕಿತ್ತು, ಒಂದು ಮನೆಯಲ್ಲಿ ಅಮಾವಾಸ್ಯೆ ಹೋಗಬೇಕಿತ್ತು, ಇನ್ನೊಂದರಲ್ಲಿ ಸೋಲಾಪುರಕ್ಕೆ ಹೋದ ಗಂಡ ಬರಬೇಕಿತ್ತು. ಅಜ್ಜಿ ನಮ್ಮನ್ನು ಕಟ್ಟೆಯ ಮೇಲೆ ಕೂಡಿಸಿ ಚಾ ಕೊಟ್ಟಳು. “ಒಲಿ ಕಟ್ಟಸೂದಲ್ಲ ಅಜ್ಜಿ?” ಎಂದರೆ “ಹೌದು ತಮ್ಮಾ, ಕಟ್ಟಸೂಣು” ಎಂದಳು. ಕೆರೂರಿನ ಸಂತೆಯಲ್ಲಿ ಹೌದ್ರಿ. ಹುನಗುಂದದ ಓಣಿಗಳಲ್ಲಿ ಹೌದ್ರಿ. ಬಾದಾಮಿಯಲ್ಲಿ ಒಬ್ಬ ಹೆಣ್ಣುಮಗಳು ಹೌದ್ರಿ ಎನ್ನುತ್ತಲೇ ನಮ್ಮ ಎದುರಿಗೆ ಒಲೆ ಊದುತ್ತ ಕೆಮ್ಮಿದಳು. ಒಲೆ ಮಾತ್ರ ಎಲ್ಲೂ ಏಳಲಿಲ್ಲ.

ಜನರ ಈ ನಡತೆಯ ಬಗ್ಗೆ ನನಗಿದ್ದ ತಿರಸ್ಕಾರವನ್ನು ಮುಚ್ಚಿಡುವುದಿಲ್ಲ. ಇಲ್ಲ ಎನ್ನುವವನ ಜೊತೆ ಹೋರಾಡಬಹುದು. ಇಲ್ಲ ಎನ್ನುವವನು ಗೌರವಕ್ಕೆ ಪಾತ್ರ. ಹೌದು ಎನ್ನುವವನನ್ನು ಏನು ಮಾಡುವುದು? ಬಿಗಿದು ಕಟ್ಟಿದ ಹತ್ತಿಯ ಅಂಡಿಗೆಗೆ ಗುದ್ದಿದ ಹಾಗೆ, ಗುದ್ದಿದವನದೇ ಕೈ ನೋಯುತ್ತದೆ. ಇದು ಬೌದ್ಧಿಕ ಸೋಮಾರಿತನ, ಇದು ವಿನಯದ ವೇಷ ತೊಟ್ಟ ಹೇಡಿತನ, ಪ್ರಾಣ ಹೋದರೂ ನಾನು ಹೀಗೆ ಹೌದೆನ್ನುವವನಲ್ಲ, ಎಂದು ಜೀಪಿನಲ್ಲಿ ದಾವಲಸಾಬನಿಗೆ ಅರ್ಧ ದಾರಿ ಉಪನ್ಯಾಸ ಕೊಟ್ಟೆ. ಅವನು ಗೇರು ಬದಲಿಸುತ್ತ, “ಹೌದ್ರಿ” ಎಂದ.

ತಿಂಗಳು ಮುಗಿಯುತ್ತ ಬಂತು. ಸಾಹೇಬರು ಕನ್ನಡಕ ಒರೆಸಿಕೊಂಡು, “ನೋಡಪ್ಪಾ, ಒಂದು ಒಲೆಯಾದ್ರೂ ಎದ್ದಿಲ್ಲ ಅಂದ್ರೆ ‘ತೃಪ್ತಿಕರ’ ಅಂತ ನಾನು ಹೇಗೆ ಬರೀಲಿ?” ಎಂದರು. ಕಣ್ಣುಮುಚ್ಚಿ ಶರಣರನ್ನು ನೆನೆಯುವವನು ಧಾರವಾಡದ ವೇದಿಕೆಯ ಮೇಲೆ ನಿಂತ ದೃಶ್ಯ ನನ್ನ ಕಣ್ಣಮುಂದೆ ಬಂತು. ದಾವಲಸಾಬ ಹೊರಗೆ ಜೀಪಿನ ಗಾಜು ಒರೆಸುತ್ತಿದ್ದವನು, “ಊರ ಮಂದಿ ಮನೀಗೆಲ್ಲಾ ಹೋಗಿ ಬಂದ್ರಿ. ನಿಮ್ಮ ಮನ್ಯಾಗ ಒಲಿ ಇಲ್ಲೇನ್ರಿ?” ಎಂದ. ಅವನ ಮಾತಿನಲ್ಲಿ ಕುಹಕವಿತ್ತೆಂದು ಈಗ ಅನ್ನಿಸುತ್ತದೆ. ಆಗ ನಾನು ಅದೇ ಸಂಜೆ ಇಳಕಲ್ಲಿನ ಬಸ್ಸು ಹಿಡಿದೆ.

ಅವ್ವನ ಮುಂದೆ ಕಣ್ಣು, ಶ್ವಾಸಕೋಶ, ಕಾಡು, ಮಳೆ, ಎಲ್ಲವನ್ನೂ ಹರವಿದೆ. ಅವಳು ನಡುವೆ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ನಾನು ಶಾಸ್ತ್ರೋಕ್ತವಾಗಿ ಹಿಡಿದೆ. ಕೊನೆಗೆ ಅವಳು, “ಇದನ್ನ ಕಟ್ಟಿದ್ರ ನಿನ್ನ ಧಾರವಾಡಕ್ಕ ಕಳಸ್ತಾರೇನು?” ಎಂದಳು. ಕಳಿಸುತ್ತಾರೆ ಎಂದೆ. “ಹಂಗಂತ ಮೊದಲಽ ಹೇಳಬಾರ್ದ? ಇಷ್ಟೊತ್ತು ಕಾಡು ಮಳಿ ಅಂತ ಯಾಕ ಗಂಟ್ಲ ಹರಕೊಂಡಿ? ಕಟ್ಟಸು” ಎಂದಳು. ನನ್ನ ವಾದಸರಣಿಗೆ ಸಿಕ್ಕ ಏಕೈಕ ಒಲೆ ಹೀಗೆ ವಾದವಿಲ್ಲದೆ ಸಿಕ್ಕಿತು. ಗೌಂಡಿ ಬಂದು ಅಡುಗೆಮನೆಯ ಹಳೆಯ ಒಲೆಯನ್ನು ಒಡೆದು ಹೊಸದನ್ನು ಕಟ್ಟಿದ, ಮಾಳಿಗೆ ತೂತು ಮಾಡಿ ಕೊಳವೆ ಏರಿಸಿದ. ಒಲೆ ಒಣಗಿದ ಮೇಲೆ ಬೆಂಕಿ ಹಾಕಿದೆವು. ಹೊಗೆ ಮಾಳಿಗೆಯ ಮೇಲೆ ಹೋಗಿ ನೆರೆಮನೆಯವರ ಹಪ್ಪಳದ ಮೇಲೆ ಇಳಿಯಿತು. ನಾನು ಎದೆಯುಬ್ಬಿಸಿ ಊಟಕ್ಕೆ ಕೂತೆ.

ಅಪ್ಪ ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತರು, ಮಿತಭಾಷಿ. ತಟ್ಟೆಯಲ್ಲಿ ಬಿದ್ದ ರೊಟ್ಟಿಯನ್ನು ಎತ್ತಿ, ಅಂಗಡಿಯಲ್ಲಿ ಸೀರೆಯ ಸೆರಗು ಹಿಡಿದು ನೋಡುವಂತೆ ಬೆಳಕಿಗೆ ಹಿಡಿದು ನೋಡಿದರು. “ಇದು ರೊಟ್ಟಿ ಅಲ್ಲ, ಸಭಾದಾಗಿನ ಠರಾವು. ಪಾಸ್ ಮಾಡಬಹುದು, ನುಂಗಾಕಾಗೂದಿಲ್ಲ” ಎಂದರು. ನಿಜ. ಅದು ಉಬ್ಬಿರಲಿಲ್ಲ, ಹರಿಯಲೂ ಒಪ್ಪಲಿಲ್ಲ. ಜಗಿಯುತ್ತ ಜಗಿಯುತ್ತ ನನಗೆ ದವಡೆಯೆಂಬುದು ಒಂದು ಇದೆಯೆಂದು ಮೊದಲ ಸಲ ತಿಳಿಯಿತು. ಮರುದಿನವೂ ಅದೇ. “ಯಾಕ ಹಿಂಗಾತು ರೊಟ್ಟಿ?” ಎಂದು ಅವ್ವನನ್ನು ಕೇಳಿದೆ.

“ಹಂಚಿನ ಮ್ಯಾಲೆ ಬೆಂದ ರೊಟ್ಟೀನ ಒಲೀ ಬಾಯಾಗಿನ ಕೆಂಡಕ್ಕ ಒರಗಿಸಿದ್ರ ಉಬ್ಬತೈತಿ. ಇದಕ್ಕ ಬಾಯಿ ಎಲ್ಲೈತಿ? ಇಲೀ ಬಿಲಾ ಇದ್ದಂಗ ಐತಿ. ಕೆಂಡ ಎಳಿಯಾಕ ಬರೂದಿಲ್ಲ, ತೊಗರಿ ಕಟಗಿ ಉದ್ದಕ್ಕ ಹಿಡಸೂದಿಲ್ಲ, ಕುಂತು ಮುರೀಬೇಕು.”

“ಮೊದಲಽ ಯಾಕ ಹೇಳಲಿಲ್ಲ?”

“ಹೇಳಾಕ ಬಾಯಿ ತಗದ್ನೆಪಾ. ‘ನಿನ್ನ ವಾದದಾಗ ಹುರುಳಿಲ್ಲ’ ಅಂದಿ.”

ನಾನೇ ಕಟ್ಟಿಗೆ ಮುರಿಯಲು ಕೂತೆ. ಕೂತದ್ದು ಪಶ್ಚಾತ್ತಾಪದಿಂದಲ್ಲ, ಹಸಿವಿನಿಂದ. ಹುಟ್ಟಿದಾಗಿನಿಂದ ದಿನಕ್ಕೆ ನಾಲ್ಕು ರೊಟ್ಟಿ ತಿಂದವನು, ರೊಟ್ಟಿ ಎಲ್ಲಿ ಉಬ್ಬುತ್ತದೆ ಎಂದು ನೋಡದೆಯೇ ಊರೂರಿಗೆ ಒಲೆಯ ಬುದ್ಧಿ ಹೇಳಿದ್ದೆ. ಅನ್ನವೇ ಬ್ರಹ್ಮವೆನ್ನುವ ಸಾಹೇಬರು ನನ್ನ ಹಿಂದೆ ನಿಂತು ತಲೆದೂಗಿದ್ದರು. ವಾರದೊಳಗೆ ಹಿತ್ತಲಿನ ಗೋಡೆಯ ಮರೆಗೆ ಮೂರು ಕಲ್ಲು ಬಂದವು, ಹಂಚು ಅಲ್ಲಿಗೆ ಹೋಯಿತು, ರೊಟ್ಟಿ ಮತ್ತೆ ಉಬ್ಬಿತು. ಕಲ್ಲು ಹೊತ್ತು ತಂದವನು ನಾನೇ. ಹೊಗೆಯಿಲ್ಲದ ಒಲೆ ನಿಜಕ್ಕೂ ಹೊಗೆಯಿಲ್ಲದ್ದಾಯಿತು. ಅದರ ಬೆನ್ನ ಮೇಲೆ ಬೆಕ್ಕು ಮಲಗತೊಡಗಿತು, ತೂತಿನ ಮೇಲೆ ಅವ್ವ ಬೆಲ್ಲದ ಡಬ್ಬಿ ಇಟ್ಟಳು.

ಹೀಗಿರುವಾಗ ಒಂದು ಮಧ್ಯಾಹ್ನ ಜೀಪಿನ ಸದ್ದು. ಸಾಹೇಬರು ತಮ್ಮ ಏಕೈಕ ಒಲೆಯನ್ನು ಕಣ್ಣಾರೆ ನೋಡಲು ಬಂದಿದ್ದರು. ಬೆಕ್ಕನ್ನು ಎಬ್ಬಿಸಿ ಓಡಿಸುವಷ್ಟು ಮಾತ್ರ ವೇಳೆ ಸಿಕ್ಕಿತು. ಅವರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಣ್ಣಗಿದ್ದ ಅದರ ಬೆನ್ನು ಸವರಿ, “ಹೊಗೆ ಬರುತ್ತೇನಮ್ಮಾ?” ಎಂದರು. “ಒಂದೀಟೂ ಬರೂದಿಲ್ರಿ” ಎಂದಳು ಅವ್ವ. ಅಕ್ಷರಶಃ ಸತ್ಯ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಹೊಗೆ ಸುರುಳಿಸುರುಳಿಯಾಗಿ ಒಳಗೆ ಬಂತು. ಸಾಹೇಬರು ಕೆಮ್ಮಿದರು. “ಇದು ಪಕ್ಕದ ಮನೆಯವರದೇನಪ್ಪಾ? ಅವರಿಗೂ ಸ್ವಲ್ಪ ತಿಳಿಸಿ ಹೇಳಬೇಕು ನೀನು” ಎಂದರು ನನಗೆ. ಅವ್ವ ಅವರಿಗೆ ಕೂಡಲು ಮಣೆ ಹಾಕಿ, ಹಿತ್ತಲಿಗೆ ಹೋಗಿ, ಉಬ್ಬಿದ ಬಿಸಿ ರೊಟ್ಟಿ ತಂದು ಬೆಣ್ಣೆ, ಶೇಂಗಾ ಚಟ್ನಿಯ ಜೊತೆ ನೀಡಿದಳು. ಅನ್ನದ ಭಕ್ತರು ಮೊದಲ ತುತ್ತಿಗೇ ಮತಾಂತರವಾದರು. ಮೂರನೆಯ ರೊಟ್ಟಿಗೆ ಕೈ ಹಾಕುತ್ತ, “ನಮ್ಮ ಒಲೆಯಲ್ಲಿ ರೊಟ್ಟಿ ಇಷ್ಟು ಚೆನ್ನಾಗಿ ಉಬ್ಬುತ್ತೆ ಅಂತ ನನಗೇ ಗೊತ್ತಿರಲಿಲ್ಲ. ಹೇಳಪ್ಪಾ, ನೀನು ವಾದ ಮಾಡೋ ಹುಡುಗ, ಸತ್ಯ ಹೇಳು. ಒಲೆ ಚೆನ್ನಾಗಿದೆ ತಾನೆ?” ಎಂದರು. ಅವರ ಜೇಬಿನಲ್ಲಿ ಪೆನ್ನಿತ್ತು, ಚೀಲದಲ್ಲಿ ಷರಾ ಬರೆಯಬೇಕಾದ ಕಾಗದವಿತ್ತು.

ನನ್ನ ಜೀವಮಾನದ ಅತ್ಯುತ್ತಮ ಭಾಷಣ ಆಗ ನನ್ನ ನಾಲಗೆಯ ತುದಿಯಲ್ಲಿತ್ತು. ಕೆಂಡವಿತ್ತು, ತೊಗರಿ ಕಟ್ಟಿಗೆಯಿತ್ತು, ಚೊಳಚಗುಡ್ಡದ ಅಜ್ಜಿಯ ಅರ್ಧಕ್ಕೆ ನಿಂತ ಮಾತಿತ್ತು, ಹಿತ್ತಲಲ್ಲಿ ಪ್ರತ್ಯಕ್ಷ ಸಾಕ್ಷ್ಯ ಹೊಗೆಯಾಡುತ್ತಿತ್ತು. ಅವ್ವ ಸೆರಗನ್ನು ಬಾಯಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಕೆಮ್ಮು ತಡೆಯುತ್ತಿದ್ದಳೋ ನಗು ತಡೆಯುತ್ತಿದ್ದಳೋ, ಹೇಳಲಾರೆ.

“ಹೌದ್ರಿ,” ಎಂದೆ. “ಭಾಳ ಚಲೋ ಐತ್ರಿ.”

ಹೊಸ್ತಿಲಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ ದಾವಲಸಾಬ ಹಿತ್ತಲ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, “ಈಗ ಕಲತ್ರಿ ನೋಡ್ರಿ ತಮ್ಮಾರ” ಎಂದ. ಸಾಹೇಬರು ಅಲ್ಲೇ ಕೈ ತೊಳೆದುಕೊಂಡು ಬರೆದುಕೊಟ್ಟರು: ಅಭ್ಯರ್ಥಿಯ ಸಂವಹನ ಸಾಮರ್ಥ್ಯ ಗಣನೀಯವಾಗಿ ಬೆಳೆದಿದೆ, ತೃಪ್ತಿಕರ.

ಧಾರವಾಡಕ್ಕೂ ಹೋಗಿ ಬಂದೆ. ಢಾಲು ತಂದಿಯೇನೋ ಎಂದು ಬಾಗಲಕೋಟೆಯಲ್ಲಿ ಇವತ್ತಿಗೂ ಕೇಳುವವರಿದ್ದಾರೆ. ಕೇಳಿದವರಿಗೆಲ್ಲ ಹೌದ್ರಿ ಎನ್ನುತ್ತೇನೆ.